ಕೊಟ್ಟೆ ಅನ್ನಬೇಡಿ

ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದವನಿಗೆ ಉಪ್ಪುನೀರು ಯಾವುದೆಂದು ಯಾರಾದರೂ ಹೇಳಿಕೊಡಬೇಕೆ? ತುಳಸಿದಾಸನೂ ಹಾಗೇ ಅಂದುಕೊಂಡ. ಅಲ್ಲೇ ಕೆಟ್ಟ.

ಗಾಲ್ಫ್ ಚೆಂಡನ್ನು ಉಪ್ಪುನೀರಿನಲ್ಲಿ ತೇಲಿಬಿಟ್ಟು ತಿರುಗಿಸಬೇಕು, ಮತ್ತೆ ಮತ್ತೆ ಒಂದೇ ಮಗ್ಗುಲು ಮೇಲೆ ಬಂದರೆ ಅದರ ಹೊಟ್ಟೆಯೊಳಗೆ ಭಾರ ಸರಿಯಾಗಿ ಕೂತಿಲ್ಲ, ಅಂಥ ಚೆಂಡು ನೇರ ಉರುಳುವುದಿಲ್ಲ ಎಂದು ಅಂಕೋಲೆಯ ಸೈಬರ್ ಕೆಫೆಯಲ್ಲಿ ಓದಿ, ಪ್ರಿಂಟು ತೆಗೆಸಿಕೊಂಡು ಬಂದಿದ್ದ. ಬೆಳಗಾಗುವುದನ್ನೇ ಕಾದು ಸ್ಕೂಟರ್ ಹತ್ತಿ ಕಡಲಿಗೆ ಹೋದ. ಮೊಣಕಾಲುದ್ದ ನೀರಿನಲ್ಲಿ ನಿಂತು, ಡಬ್ಬಿಯಿಂದ ಮೂರು ಹೊಸ ಚೆಂಡು ತೆಗೆದು ಮೆಲ್ಲಗೆ ಬಿಟ್ಟ. ಮೂರೂ ಗುಳುಂ ಎಂದು ಮುಳುಗಿದವು. ಹಿಂದೆಯೇ ಬಂದ ತೆರೆ ಅವನ ಲುಂಗಿಯನ್ನೂ ತೋಯಿಸಿ ಚೆಂಡುಗಳನ್ನೂ ಎಳೆದುಕೊಂಡು ಹೋಯಿತು.

ದಂಡೆಯ ಮೇಲೆ ಬಲೆ ಹೆಣೆಯುತ್ತ ಕೂತಿದ್ದ ಮುದುಕ ಬೊಮ್ಮಯ್ಯ ಎಲ್ಲ ನೋಡುತ್ತಿದ್ದ. "ಎಂತ ಹುಡುಕ್ತೀಯೋ ತುಳಸಿ? ಚಿಪ್ಪಿಕಲ್ಲಾ?"

"ಚೆಂಡು."

"ಭಲೇ! ಕಡಲಿಗೆ ಚೆಂಡು ಬಿತ್ತೂದು ನೋಡಿದ್ದು ಇವತ್ತೇ. ಬೆಳೆ ಬಂದ್ರೆ ಹೇಳು, ನಾನೂ ಎರಡು ಒಯ್ತೆ."

ತೊಯ್ದ ಲುಂಗಿಯಲ್ಲಿ ಮನೆಗೆ ಬಂದವನನ್ನು ನೋಡಿ ಹೆಂಡತಿ ಮಂಗಲಾ ಮೊದಲು ಗಾಬರಿಯಾದಳು. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಹೋ, ಅಷ್ಟೇ ಉಪ್ಪಿನಲ್ಲಿ ಅದು ತೇಲೂ ಹಾಗಿದ್ರೆ ನಮ್ಮ ಮಕ್ಕಳಿಗೆಲ್ಲ ಈಜು ಕಲಿಸೂದು ಎಂತಕೆ? ಮಾವಿನಕಾಯಿ ಹಾಕೂ ನೀರು ಮಾಡ್ಬೇಕು." ಬಕೆಟ್ಟಿಗೆ ನೀರು ಹಾಕಿ, ಸಾಣಿಕಟ್ಟೆಯ ಹರಳುಪ್ಪನ್ನು ಬೊಗಸೆ ಬೊಗಸೆ ಸುರಿದು, ಕೈಯಲ್ಲೇ ಕಲಸಿ, ಒಂದು ಕೋಳಿಮೊಟ್ಟೆ ಬಿಟ್ಟು ನೋಡಿದಳು. ಮೊಟ್ಟೆ ತೇಲಿತು, ಚೆಂಡು ತೇಲಲಿಲ್ಲ. ಇನ್ನೂ ನಾಲ್ಕು ಬೊಗಸೆ ಹಾಕಿದಳು. ಆಗ ಚೆಂಡು ಮೇಲೆ ಬಂತು. ಉಳಿದಿದ್ದ ಒಂಬತ್ತು ಚೆಂಡುಗಳಲ್ಲಿ ಐದು, ಎಷ್ಟು ತಿರುಗಿಸಿದರೂ ಒಂದೇ ಮುಖ ತೋರಿಸಿದವು. ತುಳಸಿದಾಸ ಅವುಗಳನ್ನು ಆಚೆ ಎಸೆದ. ನಾಲ್ಕನ್ನು ಒರೆಸಿ ಕಪಾಟಿನಲ್ಲಿಟ್ಟ. ಒಂದು ಗಳಿಗೆ ಬಿಟ್ಟು ಮತ್ತೆ ಅವುಗಳನ್ನೇ ತೆಗೆದು ಬಕೆಟ್ಟಿಗೆ ಹಾಕಿದ. ಮನಸ್ಸಿಗೆ ಸಮಾಧಾನವಿದ್ದರೆ ತಾನೇ!

ಐವತ್ತೆರಡು ವರ್ಷದ, ಅಂಕೋಲೆಯಲ್ಲಿ ಐಸ್ ಫ್ಯಾಕ್ಟರಿ ಇಟ್ಟುಕೊಂಡ ಮೀನುಗಾರರ ಮನೆಯವನಿಗೆ ಈ ಹುಚ್ಚು ಎಲ್ಲಿಂದ ಹಿಡಿಯಿತು ಅಂತೀರಾ? ಹಲ್ಲಿನಿಂದ. ಎರಡು ವರ್ಷದ ಹಿಂದೆ ದವಡೆ ಹಲ್ಲು ಕೀಳಿಸಲು ಡಾಕ್ಟರ್ ಹೇರಂಬ ಭಟ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗ ಮೂಲೆಯಲ್ಲಿ ಒರಗಿಸಿಟ್ಟ ಕಬ್ಬಿಣದ ಕೋಲು ಕಂಡಿತು. ಡಾಕ್ಟರು ರಾಮನಗುಳಿ ಕಡೆಯವರು, ಮಾತಿನ ಮಲ್ಲ. ರೋಗಿಗೆ ನೋವು ಮರೆಸಲು ಆ ಕೋಲಿನ ಪುರಾಣ ಶುರು ಮಾಡಿದರು. ಹಲ್ಲು ಹೋಯಿತು, ಕೋಲು ಅಂಟಿಕೊಂಡಿತು. ಕೊಯ್ಲು ಮುಗಿದ ಗದ್ದೆಯಲ್ಲಿ ಇಬ್ಬರೂ ಭಾನುವಾರ ಭಾನುವಾರ ಹೊಡೆಯತೊಡಗಿದರು. ಒಂದು ಮೂಲೆಯನ್ನು ಸಗಣಿ ಸಾರಿಸಿದ ಅಂಗಳದಷ್ಟು ನುಣುಪು ಮಾಡಿ, ನಡುವೆ ತೆಂಗಿನ ಗೆರಟೆ ಹೂತು, ಅದೇ ಕುಳಿ ಅಂದರು. ಚೆಂಡು ಗೆರಟೆಗೆ ಬಿದ್ದಾಗ ಬರುವ ಸದ್ದು ತುಳಸಿದಾಸನಿಗೆ ಬಹಳ ಇಷ್ಟವಾಯಿತು.

ಚೆಂಡು ಕುಳಿಯ ತೀರ ಹತ್ತಿರ ನಿಂತರೆ ಎದುರಾಳಿ ಉದಾರ ಮನಸ್ಸಿನಿಂದ 'ಕೊಟ್ಟೆ' ಅನ್ನಬಹುದು. ಅಂದರೆ ಇನ್ನು ಹೊಡೆಯುವುದು ಬೇಡ, ಬಿದ್ದಂತೆಯೇ ಲೆಕ್ಕ, ಎತ್ತಿಕೊಳ್ಳಿ. ಇದು ಆ ಆಟದ ಪದ್ಧತಿ. ಮೊದಲ ಸಲ ಡಾಕ್ಟರು "ಕೊಟ್ಟೆ, ಕೊಟ್ಟೆ" ಎಂದಾಗ ತುಳಸಿದಾಸ ಸುತ್ತಮುತ್ತ ಪ್ಲಾಸ್ಟಿಕ್ ಚೀಲ ಹುಡುಕಿದ್ದ. ನಮ್ಮ ಕಡೆ ಕೊಟ್ಟೆ ಅಂದರೆ ಅದೇ ಅಲ್ಲವೆ? ಡಾಕ್ಟರು ನಕ್ಕು ನಕ್ಕು ಗದ್ದೆಯ ಬದುವಿನ ಮೇಲೆ ಕೂತುಬಿಟ್ಟಿದ್ದರು. ಆವತ್ತು ತುಳಸಿದಾಸನೂ ನಕ್ಕಿದ್ದ.

ಆದರೆ ಅವನು ಇರುವ ತೋಡೂರಿನ ಕಾಲೊನಿಯಲ್ಲಿ ಆ ಮಾತಿಗೆ ಬೇರೆಯೇ ತೂಕ. ಅಲ್ಲಿಯವರೆಲ್ಲ ನೌಕಾನೆಲೆಗೆ ಜಾಗ ಬಿಟ್ಟು ಬಂದವರು. ಮಾತಿಗೆ ಕೂತರೆ ತಾವು ಬಿಟ್ಟ ಮನೆ, ಸರಕಾರ ಕೊಟ್ಟ ಮನೆ ಎಂದು ಎರಡು. ಬಿಟ್ಟ ಮನೆಯ ಬಾವಿ, ಕೊಟ್ಟ ಮನೆಯ ನಲ್ಲಿ. ಕೊಟ್ಟ ಮನೆಗೆ ಕೊರತೆಯೇನಿರಲಿಲ್ಲ, ಗೋಡೆ ಗಟ್ಟಿ, ಕರೆಂಟು ಬರುತ್ತಿತ್ತು. ಆದರೂ 'ನಮ್ಮ ಮನೆ' ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಹೋದ ವರ್ಷ, ಎರಡು ಸಾವಿರದ ಆರರಲ್ಲಿ, ನೆಲೆಯೊಳಗಿನ ಗಾಲ್ಫ್ ಮೈದಾನದಲ್ಲಿ ಊರವರಿಗೆಂದು ಒಂದು ಅತಿಥಿ ಪಂದ್ಯ ಇಟ್ಟಿದ್ದರು. ಅಧಿಕಾರಿಗಳ ಹಲ್ಲು ನೋಡುತ್ತಿದ್ದ ಹೇರಂಬ ಭಟ್ಟರು ಇವನನ್ನೂ ಕರೆದೊಯ್ದರು. ಒಂಬತ್ತನೆಯ, ಅಂದರೆ ಕೊನೆಯ ಕುಳಿಯ ಹತ್ತಿರ ತುಳಸಿದಾಸ ಸುಮ್ಮನೆ ತಲೆ ಎತ್ತಿದ. ಎದೆ ಧಸಕ್ಕೆಂದಿತು. ಕಡಲಲ್ಲಿ ಬಲೆ ಬಿಟ್ಟ ಜಾಗವನ್ನು ಮೀನುಗಾರರು ಗುರುತು ಕೂಡಿಸಿ ನೆನಪಿಟ್ಟುಕೊಳ್ಳುತ್ತಾರೆ, ಹತ್ತಿರದ್ದೊಂದು, ದೂರದ್ದೊಂದು, ಎರಡೂ ಒಂದೇ ಸಾಲಿಗೆ ಬಂದರೆ ಅದೇ ಜಾಗ. ಇಲ್ಲಿ ಗುಡ್ಡದ ಬೋಳು ಬಂಡೆ ಹಿಂದಿನ ಬೆಟ್ಟಗಳ ನಡುವಿನ ಕಣಿವೆಗೆ ಕೂಡಿತ್ತು. ಆ ಕಡೆ ಕಡಲಿಗೆ ಚಾಚಿದ ಗುಡ್ಡದ ಕೋಡು ನಡುಗಡ್ಡೆಯ ಮೂತಿಗೆ ಕೂಡಿತ್ತು. ಹುಟ್ಟಿದಾಗಿನಿಂದ ಹೊಸ್ತಿಲ ಮೇಲೆ ಕೂತು ನೋಡಿದ ಗುರುತು ಅದು. ಮನೆ ಇಲ್ಲ, ಬಾವಿ ಇಲ್ಲ, ತೆಂಗಿಲ್ಲ, ಬರೀ ಹಸಿರು ಹುಲ್ಲು. ಆದರೆ ಅವನು ನಿಂತದ್ದು ತನ್ನ ಅಂಗಳದಲ್ಲೇ.

ಅಷ್ಟರಲ್ಲಿ ಡಾಕ್ಟರು "ಕೊಟ್ಟೆ ಮಾರಾಯ್ರೇ" ಎಂದು ಅವನ ಚೆಂಡನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟುಬಿಟ್ಟರು. ಅವರಿಗೇನು ಗೊತ್ತು, ಪಾಪ. ತುಳಸಿದಾಸ ಚೆಂಡನ್ನು ಜೇಬಿಗೆ ಹಾಕಿಕೊಂಡ. ಮನೆಗೆ ಬಂದು ಮಂಗಲಾಳಿಗೆ ಮಾತ್ರ ಹೇಳಿದ: "ನಮ್ಮ ಅಂಗಳದಲ್ಲಿ ನಂಗೆ ಭಿಕ್ಷೆ ಹಾಕಿದ ಹಾಗಾಯ್ತು ಗೋ. ಬರೂ ವರ್ಷ ಆ ಕುಳಿಗೆ ನಾನೇ ಹೊಡೆದು ಬೀಳಿಸ್ಬೇಕು. ಒಂದೇ ಒಂದು ಸಲ. ಯಾರೂ ಕೊಡೂದು ಬೇಡ." ಅಂದಿನಿಂದ ಆ ಒಂದು ಆಸೆ ಅವನನ್ನು ಕೂತಲ್ಲಿ ಕೂರಗೊಡಲಿಲ್ಲ.

ಪಂದ್ಯಕ್ಕೆ ಹತ್ತು ದಿನವಿತ್ತು. ಉರುಳಿಸುವ ಕೋಲು, ಅದಕ್ಕೆ ಪಟರ್ ಅನ್ನುತ್ತಾರೆ, ಅವನ ಹತ್ತಿರ ಮೂರಾಗಿದ್ದವು. ಬೆಳಗಾವಿಯ ನಿವೃತ್ತ ಮೇಜರರೊಬ್ಬರಿಂದ ತಂದ ಹಳೆಯದೊಂದು, ತೆಳ್ಳಗೆ ಕತ್ತಿಯಂಥದು. ವಾಸ್ಕೋದ ಅಂಗಡಿಯವು ಎರಡು, ಒಂದು ಅರ್ಧಚಂದ್ರದಂತೆ ದಪ್ಪ ತಲೆಯದು, ಇನ್ನೊಂದಕ್ಕೆ ಹಿಡಿಕೆ ನಟ್ಟನಡುವೆ. ಬೆಳಿಗ್ಗೆ ಒಂದು ಸರಿಯೆನಿಸಿದರೆ ಮಧ್ಯಾಹ್ನಕ್ಕೆ ಇನ್ನೊಂದು. ಐಸ್ ಫ್ಯಾಕ್ಟರಿಯ ಸಿಮೆಂಟ್ ನೆಲದ ಮೇಲೆ ಚೆಂಡು ಬೀಳಿಸಿ ಎಷ್ಟು ಪುಟಿಯುತ್ತದೆ ನೋಡಿದ. ಕಣ್ಣು ಮುಚ್ಚಿ ಹೊಡೆದು ಸದ್ದು ಕೇಳಿದ, ಮೆತ್ತಗಿನ ಚೆಂಡು 'ತಪ್' ಅಂದರೆ ಗಟ್ಟಿಯದು 'ಟಿಕ್' ಅನ್ನುತ್ತಿತ್ತು. ದೂರ ಹೊಡೆಯುವ ಏಳನೇ ನಂಬರಿನ ಕೋಲಿನ ಮುಖಕ್ಕೆ ಮಂಗಲಾಳ ಪೌಡರ್ ಬಳಿದು, ಹೊಡೆದ ಮೇಲೆ ಚೆಂಡಿನ ಗುರುತು ನಡುವೆ ಮೂಡಿದೆಯೋ ಅಂಚಿಗೋ ಎಂದು ಪರೀಕ್ಷೆ ಮಾಡಿದ. ಖಾಲಿ ಡಬ್ಬಿ ನೋಡಿ ಅವಳಿಗೆ ರೇಗಿತು. "ನನ್ನ ಮದುವೇಲಿ ನಂಗೂ ಇಷ್ಟು ಪೌಡರ್ ಹಾಕಿರ್ಲಿಲ್ಲ! ನಿಮ್ಮ ಈ ದಾಂಡಿಗೆ ಎಂತ ಹೆಣ್ಣು ನೋಡೂಕೆ ಬರ್ತಾರಾ?"

ಊಟಕ್ಕೆ ಕೂತರೂ ಬೆರಳುಗಳು ತಟ್ಟೆಯ ಅಂಚಿನಲ್ಲಿ ಹಿಡಿತ ಹುಡುಕುತ್ತಿದ್ದವು. ಸಾರಿಗೆ ಉಪ್ಪಿಲ್ಲ ಎಂಬುದೂ ತಿಳಿಯಲಿಲ್ಲ. ಕೊನೆಗೆ ಮಂಗಲಾಳೇ ತಡೆಯಲಾರದೆ ಎದ್ದಳು. ಇಪ್ಪತ್ತು ವರ್ಷ ಮೀನು ಮಾರಿದ ಕೈ ಅದು, ಇಸೋಣ ಮೀನು ಎತ್ತಿ ಹಿಡಿದರೆ ತಕ್ಕಡಿಯ ಮಾತು ಬೇಡ. ಮೂರೂ ಪಟರ್‌ಗಳನ್ನು ಒಂದೊಂದಾಗಿ ಎತ್ತಿ, ಅಂಗೈಯಲ್ಲಿ ಮೆಲ್ಲಗೆ ಕುಣಿಸಿ ನೋಡಿದಳು.

"ಇದರ ತಲೆ ಭಾರ, ಎಳೀತದೆ. ಇದು ಕೈಯಲ್ಲಿ ಹೊಳ್ಳಾಡ್ತದೆ." ಮೇಜರರ ಹಳೆಯ ಕೋಲು ಹಿಡಿದಾಗ ಮಾತ್ರ ಕೈ ನಿಂತಿತು. "ಇದು ಸುಮ್ನಿರ್ತದೆ ನೋಡಿ. ನೀವೂ ಇನ್ನು ಸುಮ್ನಿರಿ."

"ಇದೇನಾ? ಖರೆ?"

"ಖರೆ. ಬಾಕಿ ಎರಡು ಅಟ್ಟಕ್ಕೆ ಹಾಕ್ತೆ. ಇಲ್ಲಾಂದ್ರೆ ನಿಮ್ಗೆ ಹುಚ್ಚು ಹಿಡೀತದೆ, ನಂಗೂ ಹಿಡೀತದೆ."

ಅಟ್ಟಕ್ಕೆ ಹಾಕಿದಳು. ಅವನು ಎರಡು ಸಲ ಏಣಿಯ ಹತ್ತಿರ ಹೋಗಿ ವಾಪಸು ಬಂದ.

ಪಂದ್ಯದ ದಿನ ಮಂಗಲಾಳೂ ಬಂದಳು. ಹೊಸ ಸೀರೆ ಉಟ್ಟು, ಅತಿಥಿಗಳ ಶಾಮಿಯಾನದಲ್ಲಿ ಚಹಾದ ಕಪ್ಪು ಹಿಡಿದು ಕೂತಳು. ಜೋಡಿ ಆರಿಸುವ ಚೀಟಿಯಲ್ಲಿ ತುಳಸಿದಾಸನಿಗೆ ಎದುರಾಳಿಯಾಗಿ ಬಂದದ್ದು ಹೇರಂಬ ಭಟ್ಟರೇ. ಬೇರೆ ಯಾರಾದರೂ ಆಗಿದ್ದರೆ ಗೆಲ್ಲಲು ನೋಡುತ್ತಾರೆ, ಡಾಕ್ಟರಾದರೆ ಕೊಡಲು ನೋಡುತ್ತಾರೆ.

ಮೊದಲ ಕುಳಿಗೆ ಹೊರಡುವ ಮುಂಚೆಯೇ ಹೇಳಿದ: "ಡಾಕ್ಟ್ರೇ, ಇವತ್ತು ಕೊಟ್ಟೆ ಅನ್ನಬೇಡಿ."

"ಆಯ್ತು ಮಾರಾಯ್ರೇ, ಬೇಕಾದ್ರೆ 'ಚೀಲ' ಅನ್ತೆ" ಎಂದು ಡಾಕ್ಟರು ಹಳೆಯ ತಮಾಷೆ ನೆನೆದು ನಕ್ಕರು. ಇವನು ನಗಲಿಲ್ಲ.

ಆಟ ಹಗ್ಗ ಜಗ್ಗಿದಂತೆ ನಡೆಯಿತು. ಎರಡನೆಯ ಕುಳಿಯಲ್ಲಿ ಡಾಕ್ಟರು ಮುಂದೆ, ನಾಲ್ಕನೆಯದರಲ್ಲಿ ಇವನು ಸಮ. ಆರನೆಯದರಲ್ಲಿ ಇವನ ಚೆಂಡು ಮರಳಿಗೆ ಬಿತ್ತು. ಬೆವರು ಒರೆಸಿಕೊಂಡು ಏಳನೆಯದರಲ್ಲಿ ಅದನ್ನು ತೀರಿಸಿದ. ಎಂಟು ಮುಗಿದಾಗ ಇಬ್ಬರೂ ಸಮ ಸಮ. ಕೊನೆಯ ಕುಳಿಯಲ್ಲಿ ಡಾಕ್ಟರು ನಾಲ್ಕು ಹೊಡೆತಕ್ಕೆ ಚೆಂಡು ಬೀಳಿಸಿದರು. ತುಳಸಿದಾಸ ಮೂರು ಹೊಡೆದಿದ್ದ. ಅವನ ಚೆಂಡು ಕುಳಿಯಿಂದ ಎರಡು ಮೊಳ ದೂರದಲ್ಲಿ ನಿಂತಿತ್ತು. ಬಿದ್ದರೆ ಸಮ, ಬಹುಮಾನದ ಕಪ್ಪು ಇಬ್ಬರಿಗೂ. ತಪ್ಪಿದರೆ ಸೋಲು.

ಅವನು ತಲೆ ಎತ್ತಿದ. ಬಂಡೆ ಕಣಿವೆಗೆ ಕೂಡಿತ್ತು, ಕೋಡು ನಡುಗಡ್ಡೆಗೆ ಕೂಡಿತ್ತು.

"ಕೊಟ್ಟೆ!" ಡಾಕ್ಟರ ಬಾಯಿಂದ ಬಂದೇಬಿಟ್ಟಿತು. ಅಭ್ಯಾಸಬಲ, ಅದಕ್ಕಿಂತ ಹೆಚ್ಚಾಗಿ ಪ್ರೀತಿ. "ಎತ್ಕೊಳ್ಳಿ ತುಳಸಿದಾಸ್. ಇಬ್ರೂ ಗೆದ್ದ ಹಾಗೆ."

"ಬೇಡ ಅಂದಿದ್ದೆ ಡಾಕ್ಟ್ರೇ."

"ಕೊಟ್ಟದ್ದನ್ನ ಬೇಡ ಅನ್ನೂಕೆ ಬರೂದಿಲ್ಲ. ನಿಯಮ ಹಾಗೇ ಇದೆ." ಅಂಕ ಬರೆಯುತ್ತಿದ್ದ ಅಧಿಕಾರಿಯೂ ತಲೆಯಾಡಿಸಿ, ಹಸನ್ಮುಖದಿಂದ ಕಾರ್ಡಿನಲ್ಲಿ ನಾಲ್ಕು ಎಂದು ಬರೆದರು.

ತುಳಸಿದಾಸ ಯಾರ ಮಾತನ್ನೂ ಕೇಳಲಿಲ್ಲ. ಚೆಂಡಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ. ಬೇರೆಯವರಾಗಿದ್ದರೆ ಹುಲ್ಲು ನೋಡುತ್ತಿದ್ದರು. ಅವನಿಗೆ ನೋಡುವ ಅಗತ್ಯವೇ ಇರಲಿಲ್ಲ. ಈ ಅಂಗಳದ ಇಳಿಜಾರು ಅವನಿಗೆ ಗೊತ್ತಿಲ್ಲವೆ? ಮಳೆ ಹೊಡೆದಾಗ ನೀರು ತುಳಸಿಕಟ್ಟೆಯನ್ನು ಬಳಸಿ ಪಡುವಣಕ್ಕೆ ಹರಿಯುತ್ತಿತ್ತು. ಆಯಿ ಪಾತ್ರೆ ತೊಳೆದು ಚೆಲ್ಲಿದ ನೀರೂ ಅದೇ ದಾರಿ ಹಿಡಿದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಗೋಲಿ ಆಡುವಾಗ ಯಾವಾಗಲೂ ನಾಲ್ಕು ಬೆರಳು ಮೂಡಲಿಗೆ ಹಿಡಿದು ಹೊಡೆಯಬೇಕಿತ್ತು. ಅವನು ನಾಲ್ಕು ಬೆರಳು ಮೂಡಲಿಗೆ ಹಿಡಿದ. ಹಳೆಯ ಪಟರ್ ಕೈಯಲ್ಲಿ ಸುಮ್ಮನಿತ್ತು. ಇಡೀ ವರ್ಷದಲ್ಲಿ ಮೊದಲ ಸಲ ಅವನೂ ಸುಮ್ಮನಾದ. ಹೊಡೆದ.

ಚೆಂಡು ಹಿಡಿದ ಗೆರೆಯಲ್ಲೇ ನೇರವಾಗಿ ಹೋಯಿತು. ಪಡುವಣಕ್ಕೆ ಒಂದು ಕೂದಲೆಳೆಯಷ್ಟೂ ವಾಲಲಿಲ್ಲ. ಕುಳಿಯಿಂದ ನಾಲ್ಕು ಬೆರಳು ಆಚೆ ಹಾದು, ಸ್ವಲ್ಪ ಮುಂದೆ ಹೋಗಿ ನಿಂತಿತು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಣ್ಣು ತುಂಬಿ ನೆಲ ಸಮ ಮಾಡಿದ್ದರು. ಇಳಿಜಾರು ಇರಲಿಲ್ಲ.

"ಪರ್ವಾಗಿಲ್ಲ, ಪರ್ವಾಗಿಲ್ಲ!" ಡಾಕ್ಟರು ಓಡಿಬಂದು ಅವನ ಬೆನ್ನು ತಟ್ಟಿದರು. "ಅದು ಲೆಕ್ಕಕ್ಕಿಲ್ಲ. ಆಗ್ಲೇ ಕೊಟ್ಟಾಗಿತ್ತು. ಸಮ ಸಮ!"

ಶಾಮಿಯಾನದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಮಂಗಲಾ ತಟ್ಟಲಿಲ್ಲ. ಅವಳು ಎದ್ದು ನಿಂತಿದ್ದಳು.

"ಡಾಕ್ಟ್ರೇ," ತುಳಸಿದಾಸ ಪಟರ್‌ನಿಂದ ಹುಲ್ಲು ತೋರಿಸಿದ. "ಇದು ನಮ್ಮನೆ ಅಂಗಳ. ಇಲ್ಲಿ ನೀರು ಪಡುವಣಕ್ಕೆ ಹರೀತಿತ್ತು. ನಾ ಅದನ್ನ ನಂಬಿ ಹೊಡೆದೆ."

ಹೇರಂಬ ಭಟ್ಟರ ಕೈ ಅವನ ಬೆನ್ನಿನ ಮೇಲೇ ನಿಂತಿತು. ಹುಲ್ಲು ನೋಡಿದರು, ಗುಡ್ಡ ನೋಡಿದರು, ಮತ್ತೆ ಇವನನ್ನು ನೋಡಿದರು.

"ಮೊದ್ಲೇ ಹೇಳೂಕೆ ಆಗಿಲ್ವಾ ಮಾರಾಯ್ರೇ?"

"ಹೇಳಿದ್ರೆ ನೀವು ಇನ್ನೂ ಹೆಚ್ಚು ಕೊಡ್ತಿದ್ರಿ. ಎಲ್ಲ ಕೊಟ್ಟಿದ್ದೇ ಆಯ್ತು ನಂಗೆ, ಮನೆ ಕೊಟ್ರು, ನಲ್ಲಿ ಕೊಟ್ರು, ನೀವು ಚೆಂಡು ಕೊಟ್ರಿ. ತಪ್ಪಿದ್ದು ನಂದು ಡಾಕ್ಟ್ರೇ. ಅದನ್ನಾದ್ರೂ ನಂಗೆ ಬಿಡಿ."

ಡಾಕ್ಟರು ಅಧಿಕಾರಿಯ ಹತ್ತಿರ ಹೋಗಿ, ಕಾರ್ಡು ಇಸಿದುಕೊಂಡು, ನಿಯಮ ಗಿಯಮ ಎಂದು ಅವರು ಗೊಣಗುತ್ತಿದ್ದರೂ ಕೇಳದೆ, ನಾಲ್ಕನ್ನು ಹೊಡೆದುಹಾಕಿದರು. ವಾಪಸು ಬಂದು ತುಳಸಿದಾಸನ ಎದುರು ನೆಟ್ಟಗೆ ನಿಂತು ಕೈ ಚಾಚಿದರು.

"ಸೋತ್ರಿ, ತುಳಸಿದಾಸ್."

ತುಳಸಿದಾಸ ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕಣ್ಣಲ್ಲಿ ದಳದಳ ನೀರು ಇಳಿಯುತ್ತಿತ್ತು.

"ಹೌದು ಡಾಕ್ಟ್ರೇ," ಅಂದ. "ನಮ್ಮನೆ ಅಂಗಳದಲ್ಲೇ ಸೋತೆ."