ಆಚೆ ದಡದ ಅತ್ತಿಗೆ

ನಮ್ಮಣ್ಣ ಟೋರ್ಕಿಲ್ ಮದುವೆಯಾಗಿದ್ದು ಸ್ವೀಡನ್ನಿನವಳನ್ನು. ನಮ್ಮೂರು ಹೆಲ್ಸಿಂಗೋರ್, ಡೆನ್ಮಾರ್ಕಿನ ದಡದಲ್ಲಿ. ಅವಳ ಊರು ನೇರ ಎದುರಿಗೆ, ಆಚೆ ದಡದಲ್ಲಿ. ಹಡಗಿನಲ್ಲಿ ಇಪ್ಪತ್ತು ನಿಮಿಷ. ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಚರ್ಚಿನ ಗೋಪುರ ಕಾಣುತ್ತದೆ. ಅಷ್ಟು ಹತ್ತಿರದವರು ಅಷ್ಟು ದೂರದವರಾಗಿರಬಹುದೆಂದು ಗುನ್ವೋರ್ ನಮ್ಮ ಮನೆಗೆ ಸೊಸೆಯಾಗಿ ಬರುವವರೆಗೂ ನನಗೆ ತಿಳಿದಿರಲಿಲ್ಲ.

ನಮ್ಮ ಮನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರು ಎಳೆಯದಿದ್ದರೆ ಉಂಡಂತೆ ಆಗುವುದಿಲ್ಲ. ಸಿಟ್ಟು ಬಂದರೆ ಕೂಗಾಡುತ್ತೇವೆ, ಬಾಗಿಲು ಬಡಿಯುತ್ತೇವೆ, ಮಾರನೆಯ ದಿನ ಬಿಯರ್ ಬಾಟಲಿ ಹಿಡಿದು ಅದೇ ಬಾಗಿಲು ತಟ್ಟುತ್ತೇವೆ. ಗುನ್ವೋರ್ ಹಾಗಲ್ಲ. ಯಾವುದಾದರೂ ಮಾತು ಅವಳಿಗೆ ಹಿಡಿಸದಿದ್ದರೆ ಉಸಿರನ್ನು ಒಳಗೆಳೆದುಕೊಂಡು "ಹಾಗಾ" ಎನ್ನುತ್ತಿದ್ದಳು. ಎದ್ದು ಹೋಗಿ ಯಾರೂ ಹೇಳದಿದ್ದರೂ ಲೋಟ ತೊಳೆಯುತ್ತಿದ್ದಳು. ಸ್ವೀಡನ್ನಿನಲ್ಲಿ ಸೀನಲಿಕ್ಕೂ ಸರ್ಕಾರದ ಅಪ್ಪಣೆ ಬೇಕೇ ಎಂದು ಅಪ್ಪ ಪ್ರತಿ ಭಾನುವಾರ ಕೇಳುತ್ತಿದ್ದರು. ಅವಳು ಒಂದು ಕ್ಷಣ ಯೋಚಿಸಿ, ಇಲ್ಲ, ಅದಕ್ಕೆ ಬೇಕಾಗಿಲ್ಲ ಎಂದು ಉತ್ತರ ಕೊಡುತ್ತಿದ್ದಳು. ನಾವು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ಸ್ವಲ್ಪ ತಡವಾಗಿ.

ನನಗೆ ಅವಳ ಮೇಲೆ ಹೊಟ್ಟೆಯುರಿ ಹುಟ್ಟಿದ್ದು ಅಮ್ಮ ಹಾಸಿಗೆ ಹಿಡಿದಾಗ. ನಾಲ್ಕು ತಿಂಗಳು ಗುನ್ವೋರ್ ಒಂದು ದಿನವೂ ತಪ್ಪಿಸದೆ ಬಂದು ಅಮ್ಮನ ಮೈ ಒರೆಸಿದಳು, ಬಟ್ಟೆ ಬದಲಿಸಿದಳು. ನೋವು ತಾಳಲಾರದೆ ಅಮ್ಮ ಅವಳನ್ನು ಮಂಜುಗಡ್ಡೆ ಎಂದು ಬೈದು ಮುಖಕ್ಕೆ ಉಗಿದರೆ ಅದನ್ನೂ ಒರೆಸಿಕೊಂಡಳು. ಸ್ವಂತ ಮಗಳು ನಾನು, ಅಳುತ್ತಿದ್ದೆ, ರೇಗುತ್ತಿದ್ದೆ, ಅಡುಗೆಮನೆಗೆ ಓಡಿಹೋಗಿ ಕುಡಿಯುತ್ತಿದ್ದೆ. ಊರೆಲ್ಲ ಸೊಸೆಯನ್ನು ಹೊಗಳಿತು. ಇವಳು ಒಮ್ಮೆಯಾದರೂ ಬಾಯಿಬಿಟ್ಟು ಕಿರುಚುವುದನ್ನು ನೋಡಬೇಕು ಎಂಬ ಆಸೆ ಅಂದು ನನ್ನೊಳಗೆ ಬೇರುಬಿಟ್ಟಿತು.

ಅವರ ಮದುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ನಾನು ಹಾಡು ಬರೆದೆ. ಬೆಳ್ಳಿಹಬ್ಬದ ಊಟಕ್ಕೆ ಹಾಡಿಲ್ಲದೆ ನಮ್ಮಲ್ಲಿ ನಡೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಧಾಟಿಗೆ ಗಂಡಹೆಂಡತಿಯ ಗುಟ್ಟು, ಪೆದ್ದುತನ ಎಲ್ಲವನ್ನೂ ಪ್ರಾಸ ಹಾಕಿ ಕಟ್ಟಿ, ಹಾಳೆಯ ಮೇಲೆ ಅಚ್ಚು ಹಾಕಿಸಿ, ಒಬ್ಬೊಬ್ಬರ ತಟ್ಟೆಯ ಪಕ್ಕದಲ್ಲಿ ಇಡಬೇಕು. ಎಲ್ಲರೂ ಒಟ್ಟಿಗೆ ಹಾಡಬೇಕು. ಯಾರ ಮೇಲೆ ಬರೆದಿದೆಯೋ ಅವರೂ ಹಾಡಬೇಕು.

ಮೊದಲ ಏಳು ನುಡಿಗಳಲ್ಲಿ ಅವಳ ಕೈಬಿಡದ ಗಾಜು ಒರೆಸುವ ಬಟ್ಟೆ, ದಿನದ ಕೆಲಸವನ್ನೆಲ್ಲ ಬರೆದಿಡುವ ಕ್ಯಾಲೆಂಡರು, ಅಪ್ಪ ಕೇಳುತ್ತಿದ್ದ ಸೀನು ಎಲ್ಲ ಬಂದಿದ್ದವು. ಎಂಟನೆಯದು ಬೇರೆ. ಅಣ್ಣ ಒಂಬತ್ತು ವರ್ಷದಿಂದ ಪ್ರತಿ ಗುರುವಾರ ಸಂಜೆ ಪಾರಿವಾಳ ಸಾಕುವವರ ಸಂಘಕ್ಕೆಂದು ಹೇಳಿ ಹೋಗುತ್ತಿದ್ದುದು ರೊಟ್ಟಿ ಅಂಗಡಿಯ ಯೂಟೆ ಎಂಬವಳ ಮನೆಗೆ. ಇದು ಹೆಂಡತಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬರೆದದ್ದನ್ನು ಮೊದಲು ಅಣ್ಣನಿಗೇ ತೋರಿಸಿದೆ. ಅವನು ತೊಡೆ ತಟ್ಟಿಕೊಂಡು ನಕ್ಕ.

"ಹಾಕು, ಆಗ್ನೆತೆ. ಇಪ್ಪತ್ತೈದು ವರ್ಷ ಆದ್ರೂ ಅವಳಿಗೆ ನಮ್ ತಮಾಷೆ ತಲೆಗೆ ಹೋಗಿಲ್ಲ. ಇದೂ ಹೋಗಲ್ಲ."

ಆ ರಾತ್ರಿಯೂಟಕ್ಕೆ ಅರವತ್ತು ಜನ. ಯೂಟೆಯೂ ಇದ್ದಳು, ಬಾಗಿಲ ಹತ್ತಿರದ ಮೇಜಿನಲ್ಲಿ. ಗುನ್ವೋರ್ ಬೂದುಬಣ್ಣದ ರೇಷ್ಮೆ ಉಡುಪು ಹಾಕಿದ್ದಳು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ಹಾಡುವ ಹಾಗೆ ಒಂದಕ್ಷರವೂ ಬಿಡದೆ ನಮ್ಮ ಜೊತೆ ಹಾಡುತ್ತ ಬಂದಳು. ಎಂಟನೆಯ ನುಡಿ ಬಂತು.

ಗುರುವಾರದ ಸಂಜೆ ಟೋರ್ಕಿಲ್ ಪಾರಿವಾಳ ಸಂಘಕ್ಕೆ,
ಹಕ್ಕಿ ಅಲ್ಲಿ ಒಂದೇ ಒಂದು, ಅದೂ ಇವನ ಪಕ್ಕಕ್ಕೆ;
ಗೂಡು ಎಲ್ಲಿ ಎಂದು ಕೇಳು, ರೊಟ್ಟಿಯಂಗಡಿಯ ಮಹಡಿ,
ಹೆಂಡತಿ ಗಾಜು ಒರೆಸುತಿರಲಿ, ಗೆಳೆಯಾ ನೀನು ಲೋಟ ಹಿಡಿ.

ನಾನು ಹಾಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಮೂರನೆಯ ಸಾಲಿನಲ್ಲಿ ಅವಳಿಗೆ ಅರ್ಥವಾಯಿತು. ಕಣ್ಣು ಹಾಳೆಯಿಂದ ಎದ್ದು, ಬಾಗಿಲ ಬಳಿಯ ಮೇಜಿಗೆ ಹೋಗಿ, ಮತ್ತೆ ಹಾಳೆಗೆ ಬಂತು. ದನಿ ನಿಲ್ಲಲಿಲ್ಲ. ನಾಲ್ಕನೆಯ ಸಾಲನ್ನೂ ಹಾಡಿದಳು. ನಗು ತಡೆಯಲಾರದೆ ಜನ ಮೇಜು ಕುಟ್ಟಿದರು. ಯಾರೋ ಚಮಚದಿಂದ ಲೋಟ ಬಡಿಯತೊಡಗಿದ, ಅರವತ್ತು ಜನವೂ ಬಡಿದರು. ಲೋಟ ಬಡಿದರೆ ಗಂಡಹೆಂಡತಿ ಕುರ್ಚಿ ಹತ್ತಿ ನಿಂತು ಮುತ್ತಿಕ್ಕಬೇಕು, ಅದು ಪದ್ಧತಿ. ಗುನ್ವೋರ್ ಚಪ್ಪಲಿ ಕಳಚಿ ಕುರ್ಚಿ ಹತ್ತಿದಳು. ಅಣ್ಣನಿಗೆ ಮುತ್ತು ಕೊಟ್ಟಳು. ಇಳಿದು, ತನ್ನ ಕಾಲು ತಾಗಿದ ಜಾಗವನ್ನು ಕರವಸ್ತ್ರದಿಂದ ಒರೆಸಿದಳು.

ಮೂರು ದಿನದ ನಂತರ ಅವರ ದೇಶದ ಸಂಪ್ರದಾಯದಂತೆ ಎಲ್ಲರಿಗೂ ಧನ್ಯವಾದದ ಕಾರ್ಡು ಬಂತು. ಒಳ್ಳೆಯ ಸಂಜೆಗೆ ವಂದನೆ ಎಂದು ನನಗೂ ಬರೆದಿದ್ದಳು. ಯೂಟೆಗೆ ಬಂದದ್ದರಲ್ಲಿ, ನಿಮ್ಮ ದನಿ ಚೆನ್ನಾಗಿದೆ ಎಂದು ಒಂದು ಸಾಲು ಹೆಚ್ಚಿತ್ತು. ಯೂಟೆ ಅದನ್ನು ಓದಿ ಒಲೆಗೆ ಹಾಕಿದಳಂತೆ. ಗುನ್ವೋರ್ ಕಿರುಚಲಿಲ್ಲ. ಮನೆ ಬಿಟ್ಟು ಹೋಗಲಿಲ್ಲ. ಗಂಡನನ್ನು ಒಂದು ಮಾತು ಕೇಳಲಿಲ್ಲ. ಆಮೇಲಿನ ಗುರುವಾರಗಳಲ್ಲಿ ಅವನು ಹೊರಡುವ ಹೊತ್ತಿಗೆ ಅಂಗಿಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲೆ ಇಟ್ಟಿರುತ್ತಿದ್ದಳು. ನಾಲ್ಕೇ ವಾರದಲ್ಲಿ ಅಣ್ಣ ಹೋಗುವುದನ್ನು ನಿಲ್ಲಿಸಿದ. ಅಂಗಿ ಮಾತ್ರ ಪ್ರತಿ ಗುರುವಾರ ಕುರ್ಚಿಯ ಮೇಲಿರುತ್ತಿತ್ತು.

ಮರುವರ್ಷದ ಚಳಿಗಾಲದಲ್ಲಿ ಅಣ್ಣನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಊರಿನ ಅತಿ ದೊಡ್ಡ ಮಾತುಗಾರನ ಬಾಯಲ್ಲಿ ಉಳಿದದ್ದು ಒಂದೇ ಶಬ್ದ, "ಹೂಂ". ಹಸಿವಾದರೂ ಹೂಂ, ನೋವಾದರೂ ಹೂಂ, ಬೇಡವೆನ್ನಲಿಕ್ಕೂ ಹೂಂ.

ಅವನನ್ನು ತನ್ನ ದೇಶಕ್ಕೆ ಕರೆದೊಯ್ಯಲು ಅವನ ಒಪ್ಪಿಗೆ ಬರೆದುಕೊಳ್ಳಲೆಂದು ಗುನ್ವೋರ್ ಸರ್ಕಾರಿ ಕಚೇರಿಯವರನ್ನು ಆಸ್ಪತ್ರೆಗೆ ಕರೆಸಿದಳು. ನಾನು ಅಲ್ಲೇ ಇದ್ದೆ. ಅವಳು ಅಣ್ಣನ ಮುಂದೆ ಬಗ್ಗಿ, ನನ್ನೂರಿಗೆ ಬಂದು ನನ್ನ ತೌರಿನ ಮನೆಯಲ್ಲಿ ಇರುತ್ತೀಯಾ ಎಂದು ನಿಧಾನವಾಗಿ ಕೇಳಿದಳು. ಅಣ್ಣ ಹೂಂ ಎಂದ. ನಿನ್ನ ಇಷ್ಟದಿಂದಲೇ ತಾನೇ ಎಂದಳು. ಹೂಂ ಎಂದ. ಕಣ್ಣು ನನ್ನ ಕಡೆ ಹೊರಳಿ ನಿಂತಿತ್ತು. ಅವನು ಎಲ್ಲದಕ್ಕೂ ಹಾಗೇ ಹೇಳುತ್ತಾನೆ, ಬೇಕಿದ್ದರೆ ನೀನು ಸ್ವೀಡನ್ನಿನ ರಾಜನಾ ಎಂದು ಕೇಳಿ ನೋಡಿ ಎಂದು ನಾನು ಕಚೇರಿಯವನಿಗೆ ಹೇಳಿದೆ. ಅವನಿಗೆ ನಗು ಬಂತು. ಗುನ್ವೋರಳಿಗೆ ಬರಲಿಲ್ಲ.

"ಅವನನ್ನ ಕೇಳಿದೀವಿ, ಆಗ್ನೆತೆ. ಅವನು ಉತ್ತರ ಕೊಟ್ಟಿದಾನೆ," ಎಂದಳು.

ಕಾಗದಕ್ಕೆ ಸಹಿ ಬಿತ್ತು. ಅಣ್ಣ ಆಚೆ ದಡಕ್ಕೆ ಹೋದ.

ಅಲ್ಲಿ ನೋಡಲಿಕ್ಕೆ ಮಂಗಳವಾರ ಎರಡರಿಂದ ಮೂರು ಗಂಟೆ ಎಂದು ಗೊತ್ತುಮಾಡಿದ್ದಳು. ಆ ಮನೆಯ ಮುಂದಿನ ಕೋಣೆಯಿಂದ ಸಮುದ್ರವೂ ನಮ್ಮೂರೂ ಕಾಣುತ್ತಿದ್ದವು. ಅಣ್ಣನನ್ನು ಹಿಂದಿನ ಕೋಣೆಯಲ್ಲಿ, ಹಿತ್ತಲ ಗೋಡೆಯ ಕಡೆ ಮುಖಮಾಡಿ ಮಲಗಿಸಿದ್ದಳು. ನೀರಿನ ಬೆಳಕು ಕಣ್ಣಿಗೆ ಒಳ್ಳೆಯದಲ್ಲವಂತೆ. ಅವಳ ಆರೈಕೆಯಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಗಡ್ಡ ಹೆರೆದಿರುತ್ತಿತ್ತು, ಹಾಸಿಗೆ ಹಾಲಿನಂತೆ ಬೆಳ್ಳಗಿರುತ್ತಿತ್ತು, ಉಗುರು ಕತ್ತರಿಸಿರುತ್ತಿತ್ತು. ನನಗೆ ಕಾಫಿ, ಏಳು ಬಗೆಯ ಬಿಸ್ಕತ್ತು. ಮೂರು ಗಂಟೆಗೆ ಕೋಟು ತಂದು ಕೈಗೆ ಕೊಡುತ್ತಿದ್ದಳು. ಒಮ್ಮೆ ಮನಸ್ಸು ತಡೆಯದೆ ಶುಕ್ರವಾರ ಹೋದೆ. ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದು, ಇವತ್ತು ಮಂಗಳವಾರ ಅಲ್ಲವಲ್ಲ ಎಂದಳು. ಅಷ್ಟು ದೂರ ಬಂದದ್ದಕ್ಕೆ ವಂದನೆಯನ್ನೂ ಹೇಳಿದಳು.

ಅಂದು ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದವಳು ತೆಲ್ಲೆರ್ವೊ. ದಿನಾ ಬೆಳಿಗ್ಗೆ ಬಂದು ಅಣ್ಣನ ಮೈ ತೊಳೆಯುವ ದಾದಿ, ಫಿನ್‌ಲ್ಯಾಂಡಿನವಳು. ದಪ್ಪ ಕೈಗಳ, ಮಾತು ಕಮ್ಮಿಯ ಹೆಂಗಸು. ಬೀದಿಯಲ್ಲಿ ಸಿಗರೇಟು ಹಚ್ಚಿಕೊಂಡು ನನ್ನನ್ನು ನಿಲ್ಲಿಸಿದಳು.

"ಅವನ ತಂಗಿ ತಾನೇ ನೀನು? ಆ ಮನೇಲಿ ಅವನ ಹತ್ರ ಯಾರೂ ಮಾತಾಡಲ್ಲ. ನಂಗೂ ಮಾತಾಡ್ಬೇಡ ಅಂದಿದಾಳೆ. ತಲೆಗೆ ದಣಿವಾಗುತ್ತಂತೆ. ರೇಡಿಯೋನೂ ಇಲ್ಲ. ಮಂಗಳವಾರ ನೀನು ಬಂದಾಗ ಕೇಳ್ಸೋದೇ ಅವನಿಗೆ ಕೇಳ್ಸೋ ಮಾತು."

ಅಣ್ಣನ ಗುರುವಾರಗಳ ಕಥೆ, ನನ್ನ ಹಾಡಿನ ಕಥೆ ಎರಡನ್ನೂ ಅವಳಿಗೆ ಹೇಳಿ, ಗುನ್ವೋರ್ ಅವನನ್ನು ಹೊಡೆಯುತ್ತಾಳಾ ಎಂದು ಕೇಳಿದೆ.

"ಹೊಡೆದಿದ್ರೆ ಚೆನ್ನಾಗಿರ್ತಿತ್ತು," ಎಂದಳು. "ನಮ್ಮ ಕಡೆ ಇಂಥ ಗಂಡನಿಗೆ ಅವತ್ತೇ ಕೊಡ್ಲಿ ತಗೊಂಡು ಹೊಡೀತಿದ್ರು. ಆಮೇಲೆ ಹೆಣದ ಮುಂದೆ ಕೂತು ಅಳ್ತಿದ್ರು. ನಿಮ್ಮೋರು ನಗ್ತಾ ನಗ್ತಾ ಕೊಲ್ತೀರ, ಇವರು ಥ್ಯಾಂಕ್ಸ್ ಹೇಳ್ತಾ ಕೊಲ್ತಾರೆ. ಯಾರ ಕೈಗೂ ರಕ್ತ ಹತ್ತಲ್ಲ."

ಮುಂದಿನ ಮಂಗಳವಾರ ನಾನು ಕಾಫಿ ಮುಟ್ಟಲಿಲ್ಲ. ಗುನ್ವೋರಳ ಕೈ ಹಿಡಿದುಕೊಂಡು, ಹಾಡು ಬರೆದದ್ದು ನಾನು, ತಪ್ಪು ನನ್ನದು, ಬೇಕಾದರೆ ನನ್ನ ಕೆನ್ನೆಗೆ ಬಾರಿಸು, ಅವನ ಜೊತೆ ಮಾತಾಡು ಎಂದೆ. ಹಾಗೇ ಅತ್ತುಬಿಟ್ಟೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ನಾನು ಅಳುವುದು ಮುಗಿಯುವವರೆಗೆ ಕಾದಳು.

"ಯಾವ ತಪ್ಪು? ಆ ಹಾಡು ರೋಲಿಗ್ ಆಗಿತ್ತಲ್ಲ," ಎಂದಳು.

ಆ ಶಬ್ದ ಎರಡು ದಡದಲ್ಲೂ ಇದೆ. ಅವರಲ್ಲಿ ಅದರ ಅರ್ಥ ತಮಾಷೆ, ನಮ್ಮಲ್ಲಿ ಶಾಂತ. ಅವಳು ಯಾವ ದಡದ ಮಾತಾಡಿದಳೋ ನನಗೆ ತಿಳಿಯಲಿಲ್ಲ. ಒಳಕೋಣೆಯಿಂದ ಅಣ್ಣ ಹೂಂ, ಹೂಂ ಎನ್ನುತ್ತಿದ್ದ. ಅವಳು ಎದ್ದು ಹೋಗಿ ಆ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಗಡಿಯಾರ ನೋಡಿದಳು. ಇನ್ನೂ ಹತ್ತು ನಿಮಿಷವಿತ್ತು, ಆದ್ದರಿಂದ ನನ್ನ ಬಟ್ಟಲಲ್ಲಿ ತಣ್ಣಗಾಗಿದ್ದ ಕಾಫಿ ಚೆಲ್ಲಿ ಬಿಸಿ ಕಾಫಿ ಹಾಕಿದಳು.

ಅಣ್ಣ ಹಾಗೆ ಐದು ವರ್ಷ ಬದುಕಿದ. ಅಷ್ಟು ಚೆನ್ನಾಗಿ ನೋಡಿಕೊಂಡರೆ ಯಾರಾದರೂ ಬದುಕುತ್ತಾರೆ ಎಂದು ವೈದ್ಯರು ಅವಳನ್ನು ಹೊಗಳಿದರು. ಕೊನೆಕೊನೆಗೆ ಹೂಂ ಎನ್ನುವುದನ್ನೂ ಬಿಟ್ಟ. ಮಂಗಳವಾರಗಳಂದು ಊರ ಸುದ್ದಿಯನ್ನೆಲ್ಲ ಅವನ ಕಿವಿಗೆ ತುಂಬುತ್ತಿದ್ದೆ. ಯಾರು ಯಾರ ಜೊತೆ ಓಡಿಹೋದರು, ಯಾರು ಕುಡಿದು ಬಂದರುಕಟ್ಟೆಯಿಂದ ನೀರಿಗೆ ಬಿದ್ದರು. ಅವನು ಗೋಡೆ ನೋಡುತ್ತಿದ್ದ.

ಸತ್ತ ಸುದ್ದಿ ಕಾಗದದಲ್ಲಿ ಬಂತು. ನವೆಂಬರ್ ಮೂರರಂದು ತೀರಿಕೊಂಡ, ಇಪ್ಪತ್ತೊಂಬತ್ತರಂದು ಚರ್ಚಿನಲ್ಲಿ ಪ್ರಾರ್ಥನೆ. ನಮ್ಮಲ್ಲಿ ವಾರದೊಳಗೆ ಮಣ್ಣು ಮಾಡಿ, ಗುಂಡಿಯ ಹತ್ತಿರದಿಂದ ನೇರ ಊಟದ ಮನೆಗೆ ಹೋಗಿ, ಸತ್ತವನ ಮೇಲೆ ಕಥೆ ಕಟ್ಟುತ್ತ ಕುಡಿಯುತ್ತೇವೆ. ಅಲ್ಲಿ ಅವನು ಇಪ್ಪತ್ತಾರು ದಿನ ಶೀತದ ಪೆಟ್ಟಿಗೆಯಲ್ಲಿ ತನ್ನ ಸರದಿಗೆ ಕಾದ. ನಾವು ಹನ್ನೊಂದು ಜನ ಹೋದೆವು. ಪ್ರಾರ್ಥನೆ ಇಪ್ಪತ್ತು ನಿಮಿಷ. ನಾನು ನಾಲ್ಕು ಮಾತಾಡುತ್ತೇನೆಂದು ಪಾದ್ರಿಯನ್ನು ಕೇಳಿದೆ. ಹೆಂಡತಿಯವರು ಪಟ್ಟಿಯಲ್ಲಿ ಭಾಷಣ ಇಟ್ಟಿಲ್ಲ ಎಂದರು.

ಅವರಲ್ಲಿ ಹೆಣವನ್ನು ಸುಡುತ್ತಾರೆ; ಬೂದಿಯನ್ನು ಎಲ್ಲಿಡುತ್ತಾರೆ, ಅಪ್ಪ ಅಮ್ಮನ ಪಕ್ಕದಲ್ಲಿ ಜಾಗವಿದೆ ಎಂದು ಕೆಲವು ವಾರದ ಮೇಲೆ ಗುನ್ವೋರಳಿಗೆ ಫೋನು ಮಾಡಿದೆ. ಅದು ಹೋದ ವಾರವೇ ಮುಗಿಯಿತು ಎಂದಳು. ಚರ್ಚಿನ ಹಿಂದಿನ ನೆನಪಿನ ತೋಪಿನಲ್ಲಿ ಕೆಲಸಗಾರರು ಮಣ್ಣಿಗೆ ಹಾಕಿದ್ದಾರೆ. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ. ಹಾಕುವಾಗ ಮನೆಯವರು ಇರುವ ಹಾಗಿಲ್ಲ, ಎಲ್ಲಿ ಹಾಕಿದರೆಂದು ಹೇಳುವುದೂ ಇಲ್ಲ.

"ನನ್ನಣ್ಣ ಅವನು, ಗುನ್ವೋರ್. ಒಂದು ಹೆಸರಾದ್ರೂ ಬೇಡವಾ?"

"ಅಲ್ಲಿ ಯಾರೂ ಯಾರಿಗಿಂತ ದೊಡ್ಡೋರಲ್ಲ, ಆಗ್ನೆತೆ. ನಮ್ಮೋರು ತುಂಬ ಜನ ಹಾಗೇ ಮಾಡ್ತಾರೆ. ಅವನನ್ನೂ ಕೇಳಿದ್ದೆ."

ಏನು ಹೇಳಿದ ಎಂದು ನಾನು ಕೇಳಲಿಲ್ಲ.

ಮಂಗಳವಾರ ಹಡಗು ಹತ್ತಿ ಆ ತೋಪಿಗೆ ಹೋದೆ. ಅಗಲವಾದ ಹುಲ್ಲುಹಾಸು, ಬರ್ಚ್ ಮರಗಳು, ಹೂವಿಡಲು ಎಲ್ಲರಿಗೂ ಸೇರಿ ಒಂದು ಕಟ್ಟೆ. ಒಬ್ಬ ಮುದುಕ ಎಲೆ ಗುಡಿಸುತ್ತಿದ್ದ. ಟೋರ್ಕಿಲ್ ಎನ್ನುವವನು ಯಾವ ಕಡೆ ಎಂದು ಕೇಳಿದೆ. ತನಗೆ ಗೊತ್ತಿಲ್ಲವೆಂದೂ, ಗೊತ್ತಿದ್ದರೂ ಹೇಳುವಂತಿಲ್ಲವೆಂದೂ ಸೌಮ್ಯವಾಗಿ ಹೇಳಿದ. ಅವನು ಅತ್ತ ಹೋದಮೇಲೆ ನಾನು ಹುಲ್ಲಿನ ಮೇಲೆ ಕಾಲಿಟ್ಟೆ. ಒಂದು ತುದಿಯಿಂದ ಶುರುಮಾಡಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ಇನ್ನೊಂದು ತುದಿಗೆ ಹೋಗಿ, ತಿರುಗಿ ಬಂದೆ. ಹೀಗೆ ಪೂರ್ತಿ ನಡೆದರೆ ಎಲ್ಲಾದರೂ ಒಂದು ಕಡೆ ಅವನ ಮೇಲೆ ನಿಂತಂತಾಗುತ್ತದೆ ಎಂದುಕೊಂಡಿದ್ದೆ. ನಡೆಯುತ್ತ ಊರ ಸುದ್ದಿಯನ್ನೂ ಜೋರಾಗಿಯೇ ಹೇಳುತ್ತಿದ್ದೆ.

ನಾಲ್ಕನೆಯ ಸಾಲಿನಲ್ಲಿದ್ದಾಗ ಮುದುಕ ಪೊರಕೆ ಕೆಳಗಿಟ್ಟು ಬಂದ. ಹುಲ್ಲಿನ ಮೇಲೆ ನಡೆಯಬಾರದು, ಕೆಳಗೆ ಬೇರೆಯವರ ಜನವೂ ಇದ್ದಾರೆ ಎಂದು ಟೋಪಿ ತೆಗೆದು ಹೇಳಿದ. ಅವನ ಭಾಷೆಯಲ್ಲೇ ಕ್ಷಮಿಸಿ ಎಂದು ಹೇಳಿ ದಾರಿಗೆ ಇಳಿದೆ. ನಾಲ್ಕು ಗಂಟೆಯ ಹಡಗಿಗೆ ಇನ್ನೂ ಹೊತ್ತಿತ್ತು. ಬಂದರಿನ ಬೆಂಚಿನ ಮೇಲೆ ಕೂತು ಕಾದೆ.