ಸಂಡಿಗೆ ಕಾದ ತೋಪು

ನಾನು ಒಂದು ಆಟಿಕೆ ತೋಪು. ನನ್ನ ಕತೆ ಕೇಳುವ ಮನಸ್ಸಿದ್ದರೆ ಎರಡು ಮೊಳ ಆಚೆ ನಿಂತೇ ಕೇಳಿ. ಹತ್ತಿರ ಬರುವವರ ಮೇಲೆ ಅನುಮಾನ ಪಡಲೆಂದೇ ನಾನು ಹುಟ್ಟಿದ್ದು. ನೀವು ಒಳ್ಳೆಯವರೇ ಇರಬಹುದು. ಒಳ್ಳೆಯವರನ್ನೂ ನಾನು ಬೇಕಾದಷ್ಟು ಬಲ್ಲೆ.

ಮೈಸೂರಿನ ಒಂದು ಹಳೆಯ ಮನೆಯ ಊಟದ ಮೇಜಿನ ಮೇಲೆ ನಾನು ಹುಟ್ಟಿದೆ. ಹುಟ್ಟಿಸಿದವರು ಶೇಷಗಿರಿ ಮೇಷ್ಟ್ರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಕಾಲೇಜು ಹುಡುಗರು ರೋಬೋಟ್ ಸಾಮಾನು ಕೊಳ್ಳುವ ಅಂಗಡಿಯಿಂದ ಪುಟ್ಟ ಮೋಟಾರುಗಳು, ಒಂದು ಸರ್ಕ್ಯೂಟ್ ಬೋರ್ಡು, ರಿಮೋಟು ಎಲ್ಲ ಹೊತ್ತು ತಂದರು. ಒಂದು ಮೋಟಾರು ನನ್ನ ಕತ್ತನ್ನು ಎಡಬಲಕ್ಕೆ ತಿರುಗಿಸಿತು, ಇನ್ನೊಂದು ಮೇಲಕ್ಕೂ ಕೆಳಕ್ಕೂ ಆಡಿಸಿತು. ಜೋಡಿ ಚಕ್ರಗಳು ಗಿರ್ರನೆ ತಿರುಗಿ ಸ್ಪಂಜಿನ ಗುಂಡನ್ನು ಹೊರಗೆಸೆದವು. ಮೈ ಮಾತ್ರ ಐಸ್‌ಕ್ರೀಮ್ ಕಡ್ಡಿಗಳದ್ದು. ಮುಖದ ಮೇಲೆ ಕೂರಿಸಿದ ಎರಡು ದುಂಡು ಡಬ್ಬಿಗಳನ್ನು ನೋಡಿದವರೆಲ್ಲ ಕಣ್ಣು ಎಂದುಕೊಂಡರು. ನಿಜವಾಗಿ ನಾನು ಕುರುಡ. ಬಾವಲಿಯ ಹಾಗೆ ಸದ್ದು ಕಳಿಸುತ್ತೇನೆ. ಅದು ತಗುಲಿ ಮರಳಿ ಬಂದರೆ ಎದುರಿಗೆ ಏನೋ ಇದೆ ಎಂದು ಲೆಕ್ಕ. ಕಾಗೆಯೋ ಕಳ್ಳನೋ ಎಂದು ವಿಚಾರಿಸುವ ಪದ್ಧತಿ ನನ್ನಲ್ಲಿಲ್ಲ.

ನನ್ನ ಕೆಲಸ ಸಂಡಿಗೆ ಕಾಯುವುದು. ಮೇಷ್ಟ್ರ ಹೆಂಡತಿ ರುಕ್ಮಿಣಮ್ಮ ಮತ್ತು ಪಕ್ಕದ ಮನೆಯ ಜಯಶೀಲಮ್ಮ, ಎರಡೂ ಮನೆಗೆ ಸೇರಿದ ತಾರಸಿಯ ಮೇಲೆ ಪ್ರತಿ ಬೇಸಿಗೆ ಒಟ್ಟಿಗೆ ಅಕ್ಕಿ ಸಂಡಿಗೆ ಇಡುತ್ತಿದ್ದರು. ಒಬ್ಬರು ಹಿಟ್ಟು ತೊಳಸುವುದು, ಇನ್ನೊಬ್ಬರು ಚಕ್ಕುಲಿ ಒರಳಿಗೆ ತುಂಬಿ ಹಳೇ ಪಂಚೆಯ ಮೇಲೆ ಒತ್ತುವುದು, ನಡುವೆ ಊರಿನ ಸುದ್ದಿಯನ್ನೆಲ್ಲ ಒಂದು ಸುತ್ತು ಮುಗಿಸುವುದು. ಆ ವರ್ಷ ದಿನಾ ಮಧ್ಯಾಹ್ನ ಸಂಡಿಗೆ ಮಾಯವಾಗತೊಡಗಿತು. ಕಾಗೆ ತಿಂದರೆ ಚೆಲ್ಲಾಪಿಲ್ಲಿಯಾಗುತ್ತದೆ. ಇದು ಅಂಚಿನಿಂದ ಅಚ್ಚುಕಟ್ಟಾಗಿ ಖಾಲಿಯಾಗುತ್ತಿತ್ತು. ತಾರಸಿಗೆ ಇದ್ದದ್ದು ಎರಡೇ ದಾರಿ, ಒಂದು ಈ ಮನೆಯದು, ಇನ್ನೊಂದು ಜಯಶೀಲಮ್ಮನದು. ರುಕ್ಮಿಣಮ್ಮನ ಮನಸ್ಸು ಆ ಕಡೆ ಓಡಿತು. ಮೇಷ್ಟ್ರು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಒಂದು ಯಂತ್ರ ಮಾಡಿ ಕೂರಿಸುತ್ತೇನೆ, ಕಳ್ಳರು ಯಾರೇ ಆದರೂ ಹೆದರಿ ಓಡುತ್ತಾರೆ ಎಂದರು.

ನೀರಿನ ತೊಟ್ಟಿಯ ಮುಂದೆ ನನ್ನನ್ನು ಕೂರಿಸಿ, ತಂತಿ ಎಳೆದು ಮನೆಯ ಕರೆಂಟು ಕೊಟ್ಟರು. ಕರೆಂಟು ಹೋಗಿ ಬಂದರೆ ಮೊದಲು ಸಂಡಿಗೆಯ ಕಡೆ ತಿರುಗಬೇಕು ಎಂದು ಹೆಂಡತಿಯ ಎದುರಿಗೇ ನನಗೆ ಪಾಠ ಮಾಡಿದರು. ಎಂಥಾ ಕಾಳಜಿ ಎಂದು ನಾನೂ ನಂಬಿದೆ.

ಅಂದೇ ಬಟ್ಟೆ ಹರವಲು ಬಂದ ಜಯಶೀಲಮ್ಮನ ಮೊಣಕೈಗೆ ನನ್ನ ಗುಂಡು ಬಡಿಯಿತು. ನೋವಾಗುವಂಥದ್ದೇನಲ್ಲ. ಅವರು ಬಗ್ಗಿ ಅದನ್ನೆತ್ತಿ ನನ್ನ ಪಕ್ಕದಲ್ಲಿಟ್ಟು, ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಹಾಗೆಯೇ ಇಳಿದುಹೋದರು. ಮತ್ತೆ ತಾರಸಿಗೆ ಬರಲಿಲ್ಲ. ರುಕ್ಮಿಣಮ್ಮ ಒಬ್ಬರೇ ಹಿಟ್ಟು ತೊಳಸಿ, ಒಬ್ಬರೇ ಒತ್ತಿ, ಸೊಂಟ ಹಿಡಿದುಕೊಂಡು ಕೂತರು. ತಪ್ಪಿಲ್ಲದವರು ಯಾಕೆ ಮುಖ ಮರೆಸಬೇಕು ಎಂದು ಗೊಣಗಿದರು. ಸಂಡಿಗೆ ಮಾತ್ರ ಕರಗುತ್ತಲೇ ಇತ್ತು.

ನನಗೆ ಬೇರೆಯದೇ ಅನುಮಾನ. ದಿನಾ ರುಕ್ಮಿಣಮ್ಮ ಮಧ್ಯಾಹ್ನದ ನಿದ್ದೆಗೆ ಹೋದ ಕೂಡಲೇ ನನ್ನ ಕತ್ತು ಮೇಲೆದ್ದು ಬರಿ ಆಕಾಶಕ್ಕೆ ತಿರುಗುತ್ತಿತ್ತು. ಆಕಾಶಕ್ಕೆ ಕಳಿಸಿದ ಸದ್ದು ಮರಳಿ ಬರುವುದಿಲ್ಲ. ಕೆಳಗೆ ಯಾರೋ ಮೆಲ್ಲುವ ಸಪ್ಪಳ. ಸ್ವಲ್ಪ ಹೊತ್ತಿಗೆ ಕತ್ತು ಮತ್ತೆ ನೆಟ್ಟಗಾಗುತ್ತಿತ್ತು. ರಿಮೋಟು ಇದ್ದದ್ದು ಒಬ್ಬರ ಜೇಬಿನಲ್ಲಿ. ಬಿ.ಪಿ. ಎಂದು ಡಾಕ್ಟರು ಉಪ್ಪು ಬಿಡಿಸಿದ್ದೂ ಅವರಿಗೇ. ಹುಟ್ಟಿಸಿದವರನ್ನು ಅನುಮಾನಿಸುವುದು ಹೇಗೆ? ಅನುಮಾನಿಸಿದೆ. ಹೇಳಲು ಬಾಯಿರಲಿಲ್ಲ, ಅಷ್ಟೇ.

ಒಂದು ದಿನ ನಾನು ಹಾಗೆ ಆಕಾಶಕ್ಕೆ ಮುಖ ಮಾಡಿದ್ದಾಗ ಕರೆಂಟು ಹೋಯಿತು. ಉರಿಬಿಸಿಲಿನಲ್ಲಿ ನಿಂತ ಮೇಷ್ಟ್ರಿಗೆ ಅದು ಗೊತ್ತಾಗಲಿಲ್ಲ. ಕರೆಂಟು ಬಂತು. ಕಲಿತ ಪಾಠದಂತೆ ಸಂಡಿಗೆಯ ಕಡೆ ತಿರುಗಿದೆ. ಎದುರಿಗೆ ಯಾರೋ. ಇದ್ದಬದ್ದ ಗುಂಡನ್ನೆಲ್ಲ ಹೊಡೆದೆ. ಕನ್ನಡಕ ನೆಲಕ್ಕೆ ಬಿತ್ತು. ಫ್ಯಾನು ನಿಂತು ಎಚ್ಚರವಾಗಿದ್ದ ರುಕ್ಮಿಣಮ್ಮ ಮೇಲೆ ಬಂದರೆ, ಮೇಷ್ಟ್ರ ಬಾಯಿ ತುಂಬ ಅರೆ ಒಣಗಿದ ಸಂಡಿಗೆ. ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಒಂದು ಮಾತು ಹೇಳ್ಬಾರ್ದಿತ್ತೇನ್ರೀ? ನಾನು ಜಯಕ್ಕನ್ನ ಕಳ್ಳಿ ಅಂದ್ಕೊಂಡ್ಬಿಟ್ಟೆ," ಎಂದರು ರುಕ್ಮಿಣಮ್ಮ.

ಗಲಾಟೆ ಕೇಳಿ ಜಯಶೀಲಮ್ಮ ತಮ್ಮ ಮೆಟ್ಟಿಲ ತುದಿಗೆ ಬಂದು ನಿಂತಿದ್ದರು. ರುಕ್ಮಿಣಮ್ಮ ಹೋಗಿ ಅವರ ಕೈ ಹಿಡಿದುಕೊಂಡು, ತಪ್ಪಾಯಿತು ಎಂದು ಅತ್ತರು.

"ಮೇಷ್ಟ್ರು ತಿಂತಾರೆ ಅಂತ ನಂಗೆ ಮೊದ್ಲೇ ಗೊತ್ತಿತ್ತು ರುಕ್ಮಿಣಿ," ಎಂದರು ಜಯಶೀಲಮ್ಮ. "ಪಾಪ, ಬೈಸ್ಕೋತಾರಲ್ಲ ಅಂತ ಸುಮ್ನಿದ್ದೆ. ನೀನು ನನ್ ಮೇಲೆ ತೋಪು ಇಡ್ತೀಯ ಅಂತ ಮಾತ್ರ ಗೊತ್ತಿರ್ಲಿಲ್ಲ."

ಅಂದೇ ನನ್ನ ತಂತಿ ಕಿತ್ತರು. ಈಗ ತಾರಸಿಯ ಬಾಗಿಲ ಮೂಲೆಯಲ್ಲಿ, ಹಳೇ ಮಿಕ್ಸಿಯ ರಟ್ಟಿನ ಪೆಟ್ಟಿಗೆಯೊಳಗೆ ಮುದುಕನಾಗಿ ಮಲಗಿದ್ದೇನೆ. ಕಡ್ಡಿಗಳ ಗೋಂದು ಬಿಟ್ಟಿದೆ. ಯಾರ ಮೇಲೂ ಅನುಮಾನ ಪಡುವ ಶಕ್ತಿ ಉಳಿದಿಲ್ಲ. ತಂತಿ ಕಿತ್ತರೆ ಹೋಗುವಂಥದ್ದು ನನ್ನ ಅನುಮಾನ. ಮನುಷ್ಯರದ್ದು ಹಾಗಲ್ಲವೆಂದು ಕಾಣುತ್ತದೆ.

ಬೇಸಿಗೆ ಬಂದರೆ ಇಬ್ಬರೂ ಮತ್ತೆ ಸೇರಿ ಸಂಡಿಗೆ ಇಡುತ್ತಾರೆ, ಮಾತೂ ಆಡುತ್ತಾರೆ. ಆದರೆ ಜಯಶೀಲಮ್ಮನ ಹೆಜ್ಜೆ ಪ್ರತಿ ಸಲವೂ ಮೊದಲು ಈ ಮೂಲೆಗೇ ಬರುತ್ತದೆ. ಮುಚ್ಚಳ ತೆರೆದು, ನನ್ನ ತಂತಿ ಕಿತ್ತೇ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಮುಚ್ಚಿ, ಆಮೇಲೆ ಹೋಗಿ ಕೂರುತ್ತಾರೆ. ಅಷ್ಟು ಹೊತ್ತೂ ರುಕ್ಮಿಣಮ್ಮನ ಒರಳಿನ ಸದ್ದು ನಿಂತಿರುತ್ತದೆ.