ಬೆಣೆ ಬಿಚ್ಚದ ರಂದಾ

ತಗಡಿನ ಮೇಲೆ ಅಳಿಲೋ ಕಾಗೆಯೋ ಓಡಿತು, ಕಾದ ತಗಡು ಒಮ್ಮೆ ಟಣ್ ಎಂದು ಸುಮ್ಮನಾಯಿತು, ಕರೆಂಟು ಹೋಗಿ ಎಷ್ಟು ಹೊತ್ತಾಯಿತೋ, ಫ್ಯಾನಿನ ರೆಕ್ಕೆ ನಿಂತಲ್ಲೇ ನಿಂತಿದೆ, ಅದರ ಅಂಚಿಗೆ ಕಟ್ಟಿಗೆಯ ಪುಡಿ ಮೀಸೆಯ ಹಾಗೆ ಬೆಳೆದಿದೆ, ಒರೆಸಬೇಕು, ಒರೆಸಲು ಏಣಿ ಇಡಬೇಕು, ಏಣಿ ಇಡಲು ಜಾಗ ಬೇಕು — ಜಾಗ ಎಲ್ಲಿದೆ, ಎಲ್ಲ ಕಡೆ ರಂದಾ. ಗೋಡೆಗೆ ಹೊಡೆದ ಹಲಗೆಗಳ ಮೇಲೆ ರಂದಾ, ಹಲಗೆ ಸಾಲದೆ ಬಾಗಿಲ ಹಿಂದಿನ ಟ್ರಂಕಿನಲ್ಲಿ ರಂದಾ, ಟ್ರಂಕು ಸಾಲದೆ ಕೆಲಸದ ಬೆಂಚಿನ ಅರ್ಧಕ್ಕೂ ರಂದಾ, ಕಟ್ಟಿಗೆ ನುಣುಪು ಮಾಡುವ ಹತ್ಯಾರವನ್ನು ಕೂಡಿಟ್ಟು ಕೂಡಿಟ್ಟು ಕಟ್ಟಿಗೆ ನುಣುಪು ಮಾಡಲಿಕ್ಕೇ ಜಾಗವಿಲ್ಲದ ಹಾಗೆ ಮಾಡಿಕೊಂಡ ಬಡಿಗ ಇಡೀ ಸುರಪುರದಲ್ಲಿ ನಾನೊಬ್ಬನೇ ಇರಬೇಕು. ಗುರುದೇವಿ ಅನ್ನುತ್ತಲೇ ಇರುತ್ತಾಳೆ, ಇವಕ್ಕೆಲ್ಲ ಜಾಗ ಐತಿ, ನಿಮಗಽ ಇಲ್ಲ, ನಾಳಿ ನೀವು ಹೊರಗ ಕುಂತು ಇವನ್ನ ಕಾಯ್ರಿ. ಹೆಂಡತಿಯ ಮಾತು ಸುಳ್ಳಲ್ಲ. ಗುರುದೇವಿ — ಬುತ್ತಿ ತರುವ ಹೊತ್ತಾಯಿತು, ಬಂದ ಕೂಡಲೇ ಕೇಳುತ್ತಾಳೆ, ಅಪ್ಪ ಹ್ಯಾಂಗದಾನ್ರಿ. ಹೇಳಬೇಕು, ಇವತ್ತು ಹೇಳಲೇಬೇಕು, ನಿಮ್ಮಪ್ಪ ಈ ಮಳೆಗಾಲ ನೋಡುವುದಿಲ್ಲ — ಛೆ, ಹಾಗೆ ಹೇಳುತ್ತಾರೇನು ಯಾರಾದರೂ. ಬೆಂಚಿನ ಮೇಲೆ ಮಾವನ ರಂದಾ ಮಗ್ಗುಲಾಗಿ ಮಲಗಿದೆ, ತಳದಿಂದ ಅಲಗಿನ ಅಂಚು ಕೂದಲೆಳೆಯಷ್ಟು ಹೊರಗೆ, ಹೊಳೆಯುತ್ತಿದೆ. ನನ್ನ ಕೈಯಲ್ಲಿ ಕೊಡತಿ, ಮರದ ಸುತ್ತಿಗೆ. ಹಿಂದಿನಿಂದ ಒಂದು ಏಟು ಕೊಟ್ಟರೆ ಸಾಕು, ಅಲಗನ್ನು ಬಿಗಿಹಿಡಿದ ಬೆಣೆ ಸಡಿಲಾಗಿ ಅಲಗು ಕೈಗೆ ಬರುತ್ತದೆ, ಒರೆಸಿ, ಎಣ್ಣೆ ಸವರಿ, ಉಳಿದವುಗಳ ಜೊತೆ ಹಲಗೆಗೆ ಏರಿಸಬಹುದು. ಮುಂಜಾನೆಯಿಂದ ಆ ಒಂದು ಏಟು ಆಗುತ್ತಿಲ್ಲ.

ಅಮಾವಾಸ್ಯೆ ಇವತ್ತು, ನಾವು ಬಡಿಗರು ಅಮಾವಾಸ್ಯೆಗೆ ಕೆಲಸ ಹಿಡಿಯುವುದಿಲ್ಲ, ಬಾಗಿಲಿನ ಅಳತೆ ಕೊಡಲು ಬಂದವನನ್ನೂ ನಾಳೆ ಬಾ ಎಂದು ಕಳಿಸಿದೆ, ಆದರೆ ಇಟ್ಟ ಹತ್ಯಾರದ ಆರೈಕೆಗೆ ಅಮಾವಾಸ್ಯೆ ಅಡ್ಡಿ ಇಲ್ಲ, ಅದೇ ನನ್ನ ಪೂಜೆ — ಒಂದೊಂದನ್ನೇ ಇಳಿಸು, ಧೂಳು ಝಾಡಿಸು, ಅಲಗಿಗೆ ಎಣ್ಣೆ ಬಟ್ಟೆ ಸವರು, ಮತ್ತೆ ಮಗ್ಗುಲಾಗಿ ಮಲಗಿಸು, ಗೆದ್ದಲು ಬಾರದಂತೆ ಬೇವಿನ ಸೊಪ್ಪು ಬದಲಿಸು. ಮೊದಲ ವರ್ಷ ಕುಸುಬಿ ಎಣ್ಣೆ ಹಚ್ಚಿದ್ದೆ, ಮನೆಯಲ್ಲಿ ಇದ್ದದ್ದು ಅದೇ, ಹೊಲದ ಕುಸುಬಿ, ಗಾಣದ ಎಣ್ಣೆ, ಅದಕ್ಕಿಂತ ಒಳ್ಳೆಯದು ಯಾವುದಿದೆ ಎಂದುಕೊಂಡು ಧಾರಾಳವಾಗಿ ಬಳಿದೆ, ಬೇಸಿಗೆ ಕಳೆಯುವಷ್ಟರಲ್ಲಿ ಎಲ್ಲ ಅಲಗುಗಳ ಮೇಲೂ ಹಳದಿ ಅಂಟು, ಬೆರಳಿಟ್ಟರೆ ಬಿಡದು, ಮಾವ ಬಂದು ನೋಡಿ ನಕ್ಕಿದ್ದೇ ನಕ್ಕಿದ್ದು, ಏ ಹುಚ್ಚಾ, ಹತ್ಯಾರಕ್ಕ ಒಗ್ಗರಣಿ ಹಾಕೀಯೇನೊ, ಕುಸುಬಿ ಎಣ್ಣಿ ರೊಟ್ಟಿಗಿ, ಕಬ್ಬಿಣಕ್ಕ ಹೊಲಿಗಿ ಮಶೀನಿನ ಎಣ್ಣಿ. ಆಮೇಲೆ ಇಬ್ಬರೂ ಎದುರುಬದುರು ಕೂತು ಸೀಮೆಎಣ್ಣೆಯಲ್ಲಿ ತಿಕ್ಕಿದೆವು, ಮನೆಯೆಲ್ಲ ನಾರಿತು, ಗುರುದೇವಿ ಅಪ್ಪನಿಗೂ ಗಂಡನಿಗೂ ಒಂದೇ ಬೈಗುಳದಲ್ಲಿ ಮುಗಿಸಿದಳು. ಮಾನಪ್ಪ ಮಾವ, ನನ್ನ ತಾಯಿಯ ತಮ್ಮ, ನನಗೆ ಉಳಿ ಹಿಡಿಯಲು ಕಲಿಸಿದವನು, ಕಲಿತ ಮೇಲೆ ಮಗಳನ್ನೂ ಕೊಟ್ಟವನು, ಆ ದಿನ ಅವನ ಕೈಗೆ ಎಷ್ಟು ಬಲವಿತ್ತು, ನಾನು ಒಂದು ತಿಕ್ಕುವಷ್ಟರಲ್ಲಿ ಅವನದು ಮೂರು ಆಗಿರುತ್ತಿದ್ದವು.

ಕೂಡಿಡಬೇಕೆಂದು ಕೂಡಿಟ್ಟವನಲ್ಲ ನಾನು, ಜನ ಕೇಳುತ್ತಾರೆ, ಏನ್ ಹವ್ಯಾಸನಪಾ ನಿಂದು, ಮ್ಯೂಸಿಯಂ ಮಾಡಾಂವೇನು — ಹವ್ಯಾಸವಂತೆ, ಮೈಮುರಿದು ದುಡಿಯುವವನಿಗೆ ಯಾವ ಹವ್ಯಾಸ. ಬಡಿಗ ಸತ್ತರೆ ಅವನ ರಂದಾ ಒಲೆಗೆ ಹಾಕುವುದಿಲ್ಲ, ಮನೆಯಲ್ಲಿ ಹಿಡಿಯುವ ಕೈ ಇಲ್ಲದಿದ್ದರೆ ಇಟ್ಟುಕೊಳ್ಳುವುದಕ್ಕೂ ಮನಸ್ಸಾಗುವುದಿಲ್ಲ, ಗುಜರಿಯವನಿಗೆ ಹಾಕಲು ಕೈ ಬರುವುದಿಲ್ಲ, ಹಾಗಾದರೆ ಎಲ್ಲಿಗೆ, ನನ್ನ ಕಡೆಗೆ, ಈ ವಿಶ್ವರಾಧ್ಯನ ಅಂಗಡಿಗೆ. ಶಹಾಪುರದಿಂದ ಚಮನಬೀ ಬಂದಿದ್ದರು, ಗಂಡನ ರಂದಾ ಸೆರಗಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು, ಭಾಯ್, ಒಲಿಗಿ ಹಾಕ್ಲಿಕ್ಕ ದಿಲ್ ಆಗ್ಲಿಲ್ಲ, ನಿಮ್ಮ ಕಡಿ ಇರ್ಲಿ. ಇರಲಿ ಎಂದೆ, ಇಲ್ಲ ಎನ್ನಲು ನನಗೆ ಬರುವುದಿಲ್ಲ. ಯಾರು ತಂದರೂ ಅವರ ಎದುರಿಗೇ ಬೆಣೆ ಬಿಚ್ಚುತ್ತೇನೆ — ಬಿಗಿದು ಇಟ್ಟರೆ ಬೇಸಿಗೆಗೆ ಕಟ್ಟಿಗೆ ಕುಗ್ಗಿ ಮೈ ಸೀಳುತ್ತದೆ, ಅದಕ್ಕೇ — ಆದರೆ ಬೆಣೆ ಬಿಚ್ಚುವಾಗ ಆ ಮನೆಯ ಹೆಂಗಸರು ಅಳುತ್ತಾರೆ, ಹೆಣ ಹೋಗುವಾಗ ಅತ್ತು ಮುಗಿಸಿದವರೂ ಅಳುತ್ತಾರೆ, ಚಮನಬೀ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು, ಯಾಕೆಂದರೆ ಅವರಿಗೆ ಗೊತ್ತು, ಬಡಿಗನ ಮನೆಯಲ್ಲಿ ಬಾಳಿದ ಎಲ್ಲರಿಗೂ ಗೊತ್ತು, ನಾಳೆ ಮತ್ತೆ ಕೆಲಸವಿದ್ದರೆ ರಂದಾದ ಬೆಣೆ ಬಿಚ್ಚುವುದಿಲ್ಲ, ಹಾಗೆಯೇ ಇಟ್ಟು ಊಟಕ್ಕೆ ಹೋಗುತ್ತಾರೆ. ಹೀಗೆ ಒಂದೊಂದಾಗಿ ಬಂದು ನನ್ನ ಅಂಗಡಿ ತುಂಬಿತು. ಸಾಕು ಎನಿಸಿದೆ, ನಿಜವಾಗಿ ಸಾಕಾಗಿದೆ, ಊರ ಉಸಾಬರಿ ಎಲ್ಲ ನನ್ನ ಹಲಗೆಯ ಮೇಲೆ, ಬೆನ್ನು ನೋಯುತ್ತದೆ, ಎತ್ತಿ ಇಳಿಸಿ ಎತ್ತಿ ಇಳಿಸಿ, ಇನ್ನೊಂದು ರಂದಾ ಬಂದರೆ ನಾನೇ ಹಲಗೆ ಏರಿ ಮಲಗಬೇಕು.

ಇನ್ನೊಂದು ಬಂತಲ್ಲ, ಅದೂ ನಾನೇ ಹೋಗಿ ತಂದದ್ದು. ನಿನ್ನೆ ಮಾವನನ್ನು ನೋಡಲು ಹೋಗಿ ವನದುರ್ಗದಲ್ಲಿ ಬಸ್ಸಿಳಿದಾಗ ಗುರುದೇವಿಯ ಅಣ್ಣ ಭೀಮಾಶಂಕರ ಕಾಯುತ್ತಿದ್ದ, ಮನೆಗೆ ಕರೆದೊಯ್ಯುವ ಮೊದಲೇ ಕೋಟೆ ಗೋಡೆಯ ನೆರಳಿಗೆ ನಿಲ್ಲಿಸಿ ಹೇಳಿಬಿಟ್ಟ, ಕಲಬುರಗಿಗಿ ಒಯ್ದಿದ್ದೆ ವಿಶ್ವಾ, ಹೊಟ್ಟ್ಯಾಗ ಗಡ್ಡಿ ಬೆಳದೈತಂತ, ಕೊಯ್ಯೂ ವಯಸ್ಸಲ್ಲಂದ್ರು, ಮಳಿಗಾಲ ನೋಡೂದು ಕಷ್ಟ ಅಂದ್ರು, ಅಪ್ಪಗೂ ಗೊತ್ತೈತಿ, ತಂಗಿಗಿ ನೀನಽ ಹೇಳಪಾ, ನನ್ನ ಬಾಯಾಗ ಬರಂಗಿಲ್ಲ. ನಿನ್ನ ಬಾಯಲ್ಲಿ ಬಾರದ್ದು ನನ್ನ ಬಾಯಲ್ಲಿ ಹೇಗೆ ಬರುತ್ತದೆ ಎಂದು ಕೇಳಬೇಕಿತ್ತು, ಕೇಳಲಿಲ್ಲ, ಒಲೆಗೆ ಹಾಕಲಾಗದ್ದು ಮನೆಯಲ್ಲಿಟ್ಟುಕೊಳ್ಳಲಾಗದ್ದು ಎಲ್ಲ ನನಗೇ ತಾನೇ, ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿ ಮನೆಗೆ ನಡೆದೆ. ಪಡಸಾಲೆಯಲ್ಲಿ ಮಾವ, ಗೋಡೆಗೆ ಒರಗಿದ್ದ, ಅಂಗಿಯೊಳಗೆ ಮನುಷ್ಯ ಎಲ್ಲಿದ್ದಾನೆಂದು ಹುಡುಕಬೇಕು, ಬಾರಪಾ, ಊಟ ಆತೇನು ಎಂದ, ಆಮೇಲೆ ತನ್ನ ರಂದಾ ತರಿಸಿದ. ಜಾಲಿ ಕಟ್ಟಿಗೆಯ ಮೈ, ಕೈ ಹಿಡಿಯುವಲ್ಲಿ ಸವೆದು ತಗ್ಗಾಗಿದೆ, ಆ ತಗ್ಗಿನಲ್ಲಿ ಬೇರೆ ಯಾರ ಅಂಗೈಯೂ ಕೂರುವುದಿಲ್ಲ, ನನ್ನದೂ ಕೂರುವುದಿಲ್ಲ. ಬೆಣೆ ಸಡಿಲವೇ ಇತ್ತು. ಮಾವ ಅಲಗು ಹೊಂದಿಸಿ ಬೆಣೆ ಬಿಗಿಯತೊಡಗಿದ — ಕೊಡತಿಯಿಂದ ತಟ್ಟುತ್ತಾನೆ, ತಳವನ್ನು ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾನೆ, ಕೈ ನಡುಗಿ ಬೆಳಕು ತಪ್ಪುತ್ತದೆ, ಮತ್ತೆ ತಟ್ಟುತ್ತಾನೆ, ಹಿಂದೆ ಎರಡು ಏಟಿನಲ್ಲಿ ಮುಗಿಸುತ್ತಿದ್ದ ಕೆಲಸ, ನಾನು ಮಾಡಲೇನು ಮಾವಾ ಎಂದರೆ ಕೇಳಿಸದವನ ಹಾಗೆ ಇದ್ದ, ನೋಡಲಾರದೆ ನಾನು ಅಂಗಳದ ಕೋಳಿ ನೋಡಿದೆ. ಕೊನೆಗೆ ಮಂಡಿಯ ಬಳಿ ಒಂದು ತುಂಡು ಕಟ್ಟಿಗೆ ಇಟ್ಟುಕೊಂಡು ಒಂದು ಸಲ ತಳ್ಳಿದ, ಅರ್ಧಕ್ಕೆ ಉಸಿರು ಕಟ್ಟಿತು, ಆದರೆ ಬಂದ ಸಿಪ್ಪೆ ಉಳ್ಳಾಗಡ್ಡಿಯ ಪದರದಷ್ಟು ತೆಳ್ಳಗೆ. ಅದನ್ನು ಅವನು ನೋಡಲೂ ಇಲ್ಲ, ರಂದಾ ಮಗುಚಿ ಅಲಗಿನ ಅಂಚನ್ನೇ ನೋಡಿದ, ಒಯ್ಯಿ ಎಂದ.

ಬೆಣಿ ಬಿಚ್ಚಿ ಒಯ್ತೀನಿ ಮಾವಾ ಅಂದೆ. ಬ್ಯಾಡ. ಬಿಸಲಿಗಿ ಸೀಳತೈತಿ. ಸೀಳಲಿ. ಏನ್ ಮಾವಾ, ನೀನಽ ಕಲಿಸಿದ್ದು ಇದು. ಕಲಿಸಿದಾಂವ ನಾನಽ, ಬ್ಯಾಡನ್ನಾಂವನೂ ನಾನಽ, ಬಿಚ್ಚಬ್ಯಾಡ. ಹಟಮಾರಿ ಮುದುಕ, ಸಾಯುವ ಹೊತ್ತಿಗೂ ಹಟ. ಗುರುದೇವಿಗಿ ಏನ್ ಹೇಳ್ಲಿ, ಎಂದು ಕೇಳಿದೆ, ರಂದಾವನ್ನು ನನ್ನ ಕಡೆ ಸರಿಸಿದ, ರಂದಾ ಒಯ್ದು ಆಕಿ ಕಣ್ಣಿಗಿ ಬೀಳೂಹಂಗ ಇಡು, ಅಂದ. ಬಸ್ಸಿನಲ್ಲೆಲ್ಲ ಅದೇ ಯೋಚನೆ, ಚೀಲದಲ್ಲಿ ರಂದಾ, ಕಿಟಕಿಯ ಹೊರಗೆ ಕಾಲುವೆ, ಹಸಿರು ಭತ್ತದ ಗದ್ದೆ, ಹತ್ತಿ ತುಂಬಿದ ಗಾಡಿ, ಪಕ್ಕದಲ್ಲಿ ಕೂತವನ ಮೊಬೈಲಿನ ಗದ್ದಲ, ನನಗೆ ಮಾತ್ರ ಒಂದೇ ಮಾತು — ಅವಳ ಕಣ್ಣಿಗೆ ಬೀಳುವಂತೆ ಇಡು. ಬಾಯಿಂದ ಹೇಳುವ ಕಷ್ಟ ನನಗೆ ತಪ್ಪಲಿ ಎಂದಿರಬೇಕು, ಬಡಿಗನ ಮಗಳು, ಅಪ್ಪನ ರಂದಾ ಈ ಅಂಗಡಿಯಲ್ಲಿ ಕಂಡರೆ ತಾನೇ ತಿಳಿದುಕೊಳ್ಳುತ್ತಾಳೆ, ನಿನ್ನ ನಾಲಿಗೆ ನಿನಗೆ ಇರಲಿ ಎಂದಿರಬೇಕು. ರಾತ್ರಿ ಮನೆಗೆ ಹೋದಾಗ ಅವಳು ಮಲಗಿದ್ದಳು, ಒಳ್ಳೆಯದಾಯಿತು ಎನಿಸಿತು, ಮುಂಜಾನೆ ಅವಳು ಏಳುವ ಮೊದಲೇ ಇಲ್ಲಿಗೆ ಬಂದೆ, ಕಳ್ಳನ ಹಾಗೆ, ನನ್ನದೇ ಮನೆಯಿಂದ. ಆದರೆ ಬಿಚ್ಚಲೇಬೇಕು, ಎಷ್ಟು ದಿನ ಬಿಗಿದಿಡಲಿ, ಚಳಿ ಮುಗಿಯಿತು, ಇನ್ನು ಬಿಸಿಲು, ಈ ತಗಡಿನ ಕೆಳಗೆ ಜಾಲಿ ಕಟ್ಟಿಗೆಯೂ ತಡೆಯುವುದಿಲ್ಲ, ಒಂದು ಮಧ್ಯಾಹ್ನ ಟಪ್ ಎಂದು ಸೀಳುತ್ತದೆ, ಇಷ್ಟು ಜನರ ರಂದಾ ಕಾಯ್ದವನು ಮಾವನದನ್ನೇ ಸೀಳಿಸಿದ ಎಂದಾಗುತ್ತದೆ. ಬಿಚ್ಚಿದರೋ — ಆ ಅಂಚು ಹೋಗುತ್ತದೆ, ಮಾವನ ನಡುಗುವ ಕೈ ಅಷ್ಟು ಹೊತ್ತು ತಟ್ಟಿ ತಟ್ಟಿ ನಿಲ್ಲಿಸಿದ ಕೂದಲೆಳೆ, ಮತ್ತೆ ಅಲ್ಲಿಗೆ ತರಲು ನನ್ನಿಂದ ಆಗುವುದಿಲ್ಲ. ಹೊಡೆ, ಹೊಡೆದುಬಿಡು ವಿಶ್ವಾ, ಅವಳು ಬರುವ ಮೊದಲು ಹೊಡೆದು ಹಲಗೆಗೆ ಏರಿಸು, ಅವಳು ನೋಡಲಿ, ಅಳಲಿ, ನಾನು ಪಕ್ಕದಲ್ಲಿ ಇರುತ್ತೇನೆ, ಅಷ್ಟೇ ತಾನೇ, ಇಷ್ಟು ಹೆಂಗಸರು ಅತ್ತದ್ದು ನೋಡಿದ್ದೇನೆ. ಇವಳು ಅಳುವುದನ್ನು ನೋಡಲಾರೆ. ಕೊಡತಿ ಎತ್ತಿದೆ.

ಏನ್ರಿ, ಅಮಾಸಿ ದಿನ ಕೊಡತಿ ಹಿಡದೀರಿ — ಬಾಗಿಲಲ್ಲಿ ಗುರುದೇವಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಾಳೆ, ಕಂಕುಳಲ್ಲಿ ಬುತ್ತಿ, ಮುಂಜಾನಿ ಹೇಳದಽ ಬಂದುಬಿಟ್ರಿ, ಚಾನೂ ಕುಡೀಲಿಲ್ಲ, ಅಪ್ಪ ಹ್ಯಾಂಗದಾನ್ರಿ, ರೊಟ್ಟಿ ತಿನ್ನತಾನೇನು. ಕೊಡತಿ ಕೆಳಗಿಟ್ಟೆ, ಹೇಳು, ಈಗ ಹೇಳು, ಗುರುದೇವಿ ಕುಂಡ್ರು ಎನ್ನು, ಮೊದಲು ಕೂರಿಸು — ಅಷ್ಟರಲ್ಲಿ ಅವಳಿಗೆ ಬೆಂಚು ಕಂಡಿತು. ಬುತ್ತಿ ನೆಲಕ್ಕಿಟ್ಟಳು, ಇಟ್ಟಳೋ ಜಾರಿತೋ. ಇದು ಅಪ್ಪನ ರಂದಾ ಅಲ್ಲೇನ್ರಿ. ಮುಖದ ಬಣ್ಣ ಇಳಿಯಿತು, ನಾನು ನೋಡುತ್ತಿದ್ದಂತೆಯೇ ಇಳಿಯಿತು. ಇದ್ಯಾಕ ಇಲ್ಲಿ ಬಂತು, ಏನಾಗೇತಿ, ಹೇಳ್ರಿ. ನಾನು ಬಾಯಿ ತೆರೆದೆ, ಅವಳು ಕಾಯಲಿಲ್ಲ, ಎರಡು ಹೆಜ್ಜೆಗೆ ಬೆಂಚಿನ ಬಳಿ ಬಂದು ರಂದಾ ಎತ್ತಿ ಮಗುಚಿ ಹೆಬ್ಬೆರಳನ್ನು ತಳದ ಮೇಲೆ ಆಡಿಸಿದಳು. ಹೆಬ್ಬೆರಳು ನಿಂತಿತು. ದೊಡ್ಡ ಉಸಿರು ಬಿಟ್ಟಳು, ಅಯ್ಯ, ಬೆಣಿ ಬಿಗದೈತಿ, ಅಲಗ ಹಂಗಽ ಐತಿ, ಒಂದ್ ಗಳಿಗಿ ನನ್ನ ಜೀವಾನಽ ಹೋಗಿತ್ತು ನೋಡ್ರಿ. ನಗುತ್ತಿದ್ದಾಳೆ, ಕಣ್ಣಲ್ಲಿ ನೀರು, ನಗು, ಅಪ್ಪಂದಽ ಕೈ ಇದು, ಇಷ್ಟು ಸಣ್ಣ ಹೊಂದಸಾಂವ ಮತ್ತ್ಯಾರದಾರ, ಇಲ್ಲೇ ಕೆಲಸ ಮಾಡಾಕ ಮೊದಲಽ ಕಳಿಸ್ಯಾನೇನು, ಹಿಂದಿಂದ ತಾನಽ ಬರ್ತಾನಂತೇನು.

ಅವಳ ಕಣ್ಣಿಗೆ ಬೀಳುವಂತೆ ಇಡು. ಮಾವಾ, ಇದಕ್ಕೇನು, ನಿನಗೆ ನಾಳೆಯೂ ಕೆಲಸವಿದೆ ಎಂದು ಮಗಳು ನಂಬಲೆಂದೇನು ನೀನು ಅಷ್ಟು ಹೊತ್ತು ತಟ್ಟಿದ್ದು, ಬಾಗಿಲ ಬೆಳಕಿಗೆ ಹಿಡಿದು ಹಿಡಿದು, ಉಸಿರು ಕಟ್ಟುವ ತನಕ, ಸೀಳಿದರೆ ಸೀಳಲಿ ಎಂದದ್ದು, ನಾನು ನಿನ್ನನ್ನು ಹಟಮಾರಿ ಅಂದೆ, ಕೊಡತಿ ಎತ್ತಿದ್ದೆ ಮಾವಾ, ಇನ್ನೊಂದು ಗಳಿಗೆ ಅವಳು ತಡವಾಗಿ ಬಂದಿದ್ದರೆ — ಹೇಳ್ರಿ, ಯಾವಾಗ ಬರ್ತಾನಂತ, ಬಂದ್ರ ಹೋಳಿಗಿ ಮಾಡತೀನಿ, ಅಪ್ಪಗ ಹೋಳಿಗಿ ಅಂದ್ರ ಜೀವ. ಹೂಂ, ಬರ್ತಾನಂತ, ಎಂದೆ, ನಾನೇ ಎಂದದ್ದು, ನನ್ನದೇ ದನಿ, ಎಷ್ಟು ಸರಾಗವಾಗಿ ಬಂತು. ಇನ್ನು ಇದನ್ನು ಬಿಚ್ಚುವಂತಿಲ್ಲ, ಹೇಳುವಂತಿಲ್ಲ, ಬಿಸಿಲು ಬರುತ್ತದೆ, ಅವಳು ದಿನಾ ಬುತ್ತಿ ತರುತ್ತಾಳೆ, ದಿನಾ ಬಂದು ನೋಡುತ್ತಾಳೆ, ಈಗಲೂ ಇಡುತ್ತಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ, ರೊಟ್ಟಿ ಬಿಚ್ಚಿಲ್ಲ, ಹೆಬ್ಬೆರಳು ಹೋಗುತ್ತದೆ, ಬರುತ್ತದೆ, ಕೂದಲೆಳೆಯಷ್ಟು ಅಲಗು, ಅದರ ಮೇಲೆ ಅವಳ ಹೆಬ್ಬೆರಳು, ಕೂದಲೆಳೆಯಷ್ಟು ಅಲಗು, ಅವಳ ಹೆಬ್ಬೆರಳು —